ಮಹಾಕ್ರೀಡಾಂಗಣ ಊರ ಹೊರಗಿರಬೇಕೆ?

ಕ್ರಿಕೆಟ್ ಪಂದ್ಯವೊಂದನ್ನು ಕಣ್ಣಾರೆ ಕಾಣುವ ಸಲುವಾಗಿ ಶಿವಮೊಗ್ಗೆಯಿಂದಲೋ ಚಿತ್ರದುರ್ಗದಿಂದಲೋ ಬೆಂಗಳೂರಿಗೆ ಹೊರಡುವ ಒಂದು ಸಾಮಾನ್ಯ ಸಂಸಾರಕ್ಕೆ, ಟಿಕೆಟ್ಟು ಕೈಸೇರಿದಮೇಲೆ ಉಳಿಯುವ ಚಿಂತೆಗಳು ಮೂರು: ಎಲ್ಲಿ ಉಣ್ಣುವುದು, ಎಲ್ಲಿ ತಂಗುವುದು, ದೇಹಬಾಧೆಯನ್ನು ಎಲ್ಲಿ ತೀರಿಸಿಕೊಳ್ಳುವುದು. ಆಟದ ವರದಿಗಳಲ್ಲಿ ಇವುಗಳ ಪ್ರಸ್ತಾಪ ವಿರಳ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಅಳಿದುವು; ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗವು ಆ ಸ್ಥಳ ಮಹಾಜನಸಂದಣಿಗೆ ತಕ್ಕುದಲ್ಲವೆಂದು ವರದಿಯಿತ್ತಿತು; ಅದೇ ವರ್ಷದ ಆಗಸ್ಟಿನಲ್ಲಿ, ಬೊಮ್ಮಸಂದ್ರದ ಕಡೆಯ ಸೂರ್ಯನಗರದಲ್ಲಿ ಸುಮಾರು 1,650 ಕೋಟಿ ರೂಪಾಯಿಗಳ ವೆಚ್ಚದಲ್ಲಿ 80,000 ಆಸನಗಳ ಹೊಸ ಕ್ರೀಡಾಂಗಣವನ್ನು ಕಟ್ಟುವ ಪ್ರಸ್ತಾವಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ದೊರೆಯಿತು. ಅಂದಿನಿಂದ ನಡೆದಿರುವ ಚರ್ಚೆ ಬಹುಮಟ್ಟಿಗೆ ಸುರಕ್ಷತೆ ಮತ್ತು ವಾಹನಸಂಚಾರಗಳನ್ನು ಕುರಿತದ್ದು, ಅದು ಯುಕ್ತವೂ ಹೌದು. ಇಲ್ಲಿ ಅದೇ ಪ್ರಶ್ನೆಯನ್ನು ಆ ಸಂಸಾರದ ಮೂರು ಚಿಂತೆಗಳ ಕಡೆಯಿಂದ ಎತ್ತಿಕೊಂಡು, ಎರಡು ಪಕ್ಷಗಳ ಮಾತನ್ನೂ ಅವುಗಳ ಪೂರ್ಣ ಬಲದೊಡನೆ ಮುಂದಿಡಲಾಗಿದೆ.

ಪರ: ಹೊರಗೇ ಇರಬೇಕು

ಮೂರರಲ್ಲಿ ಮೊದಲು ವಿಚಾರಿಸತಕ್ಕದ್ದು ಶೌಚದ ಮಾತು. ಹಸಿವನ್ನು ಎರಡು ತಾಸು ತಡೆಯಬಹುದು, ನಿದ್ರೆಯನ್ನು ಒಂದು ರಾತ್ರಿ ಕಳೆದುಕೊಳ್ಳಬಹುದು. ಇದನ್ನು ಮುಂದೂಡುವ ಸ್ವಾತಂತ್ರ್ಯ ಮನುಷ್ಯನಿಗಿಲ್ಲ. ಇಪ್ಪತ್ತು ಓವರುಗಳ ಪಂದ್ಯದಲ್ಲಿ ಎರಡು ಇನ್ನಿಂಗ್ಸುಗಳ ನಡುವಣ ವಿರಾಮ ಇಪ್ಪತ್ತು ನಿಮಿಷದ ಆಸುಪಾಸು. ಸುಮಾರು 35,000 ಮಂದಿ ಕೂಡುವ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೂರರಲ್ಲೊಂದು ಪಾಲು ಜನ ಆ ವೇಳೆಗೆ ಎದ್ದರೆಂದು ಭಾವಿಸಿದರೂ, ನಿಮಿಷವೊಂದಕ್ಕೆ 580ಕ್ಕೂ ಹೆಚ್ಚು ಮಂದಿ ಶೌಚಾಲಯಗಳನ್ನು ಹೊಕ್ಕು ಹೊರಬರಬೇಕಾಗುತ್ತದೆ. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಮೊದಲ ಟೆಸ್ಟ್ ಪಂದ್ಯವನ್ನು ಕಂಡ ಈ ಕಟ್ಟಡವು, ನಲವತ್ತು ನಿಮಿಷದ ಊಟದ ವಿರಾಮವನ್ನೂ ಮತ್ತೆ ಚಹದ ವಿರಾಮವನ್ನೂ ಸಾವಕಾಶವಾಗಿ ಅನುಭವಿಸುತ್ತಿದ್ದ, ಮಹಿಳೆಯರ ಸಂಖ್ಯೆ ಇಂದಿನಷ್ಟಿರದಿದ್ದ ಬೇರೊಂದು ಕಾಲದ ಪ್ರೇಕ್ಷಕವರ್ಗಕ್ಕೆ ಎಣಿಸಿದುದಾಗಿತ್ತು. 1971ರ ಜನಗಣತಿಯಲ್ಲಿ ಸುಮಾರು ಹದಿನಾರು ಲಕ್ಷ ಜನರಿದ್ದ ನಗರ 2011ರ ವೇಳೆಗೆ 84 ಲಕ್ಷವನ್ನು ಮೀರಿತು. ಆಟದ ರೂಪ ಬದಲಾಯಿತು. ಮೆಟ್ಟಿಲುಸಾಲುಗಳ ಅಡಿಯ ಇಕ್ಕಟ್ಟು ಮಾತ್ರ ಇಕ್ಕಟ್ಟಾಗಿಯೇ ಉಳಿದಿದೆ.

ಇದರ ಭಾರ ಎಲ್ಲರಿಗಿಂತ ಮಿಗಿಲಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ. ಸಂಜೆ ಏಳೂವರೆಯ ಪಂದ್ಯಕ್ಕೆ ಐದೂವರೆಗೇ ಒಳಹೊಕ್ಕು, ಹನ್ನೊಂದು ದಾಟಿದಮೇಲೆ ಹೊರಬರುವ ಹೆಂಗಸು, ಆ ಸಾಲಿನಲ್ಲಿ ನಿಲ್ಲುವ ಭಯದಿಂದ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಟ್ಟಿರುತ್ತಾಳೆ. ಏಪ್ರಿಲ್ ಮೇ ತಿಂಗಳುಗಳ ಸೆಕೆಯಲ್ಲಿ ಬಾಯಾರಿಕೆಯನ್ನು ನುಂಗಿಕೊಂಡು ಕೂಡುವುದು ಆಟವನ್ನು ನೋಡುವುದಕ್ಕೆ ತೆರಬೇಕಾದ ಕಂದಾಯವೆಂದು ನಾಗರಿಕ ಸಮಾಜ ಒಪ್ಪತಕ್ಕುದೆ? ಪುರುಷರಿಗಿರುವಷ್ಟೇ ವಿಸ್ತಾರದ ಸ್ಥಳವನ್ನು ಸ್ತ್ರೀಯರಿಗೂ ಕೊಟ್ಟರೆ ಸಮಾನತೆಯಾಗದು. ಅವರಿಗೆ ತಗಲುವ ಕಾಲ ಹೆಚ್ಚಾದ್ದರಿಂದ ಸ್ಥಳವೂ ಹೆಚ್ಚಾಗಬೇಕು. ಆ ಹೆಚ್ಚಿನ ಸ್ಥಳವನ್ನು ಕಬ್ಬನ್ ಪಾರ್ಕು, ಪೆರೇಡ್ ಮೈದಾನ, ಕ್ವೀನ್ಸ್ ರಸ್ತೆಗಳ ನಡುವೆ ಸಿಕ್ಕಿಕೊಂಡಿರುವ ನಿವೇಶನದಲ್ಲಿ ಎಲ್ಲಿಂದ ತರುವುದು? ನೂರು ಎಕರೆಯ ಬಯಲಿನಲ್ಲಾದರೆ ಅಡಿಪಾಯದ ದಿನವೇ ಚರಂಡಿ, ನೀರಿನ ತೊಟ್ಟಿ, ಕೈತೊಳೆಯುವ ಸಾಲು, ಹಸುಗೂಸಿನ ತಾಯಿಗೊಂದು ಮರೆಯ ಕೋಣೆ, ಗಾಲಿಕುರ್ಚಿಯವರಿಗೆ ಇಳಿಜಾರು, ಇವೆಲ್ಲವನ್ನೂ ನಕ್ಷೆಯಲ್ಲಿಯೇ ಬರೆದುಕೊಳ್ಳಬಹುದು.

ನಗರದ ಪಾಲಿನ ಕಷ್ಟವೂ ಒಂದುಂಟು. ಆಟ ಬಿಟ್ಟ ಹೊತ್ತಿನಲ್ಲಿ ಉದ್ಯಾನದ ಬೇಲಿಯಂಚೂ ಮರಗಳ ಬುಡವೂ ಯಾವ ಗತಿಯನ್ನು ಹೊಂದುತ್ತವೆಂಬುದು ಮರುದಿನ ಪ್ರಾತಃಕಾಲ ಅಲ್ಲಿ ತಿರುಗಾಡಲು ಹೋಗುವವರಿಗೆಲ್ಲ ತಿಳಿದಿರುವ ಸಂಗತಿ. ಆಟದ ಸಲುವಾಗಿ ಈ ನಗರ ಇದಕ್ಕೆ ಮುಂಚೆಯೇ ಬಹಳ ತೆತ್ತಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಶೂಲೆ ಕೆರೆಯ ಮೇಲೆ ಫುಟ್‌ಬಾಲ್ ಮೈದಾನ ಬಂದಿತು. ನಡು ಊರಿನಲ್ಲಿ ಇನ್ನು ಕೊಡಲು ಉಳಿದಿರುವುದು ಉಸಿರಾಡುವ ಹಸಿರೊಂದೇ.

ಊಟ ವಸತಿಗಳು ಹೊರವಲಯದಲ್ಲಿ ಇಲ್ಲವೆಂಬ ಆಕ್ಷೇಪ ಇಂದಿಗೆ ನಿಜವಾದರೂ ಶಾಶ್ವತವಾದ ನಿಜವಲ್ಲ. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹತ್ತೊಂಬತ್ತು ಕಿಲೋಮೀಟರಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಗಿದೆ. ಎಲೆಕ್ಟ್ರಾನಿಕ್ಸ್ ಸಿಟಿಯ ಸುತ್ತ ಹೋಟೆಲುಗಳು ಆಗಲೇ ಬೆಳೆದಿವೆ. ಜನ ಸೇರುವೆಡೆಗೆ ಅನ್ನದ ಅಂಗಡಿ ತಾನಾಗಿ ಬರುತ್ತದೆ. ಟಿಕೆಟ್ಟನ್ನು ಮಾರಿದವನು ಆ ಕ್ಷಣದಿಂದ ಆತಿಥೇಯನಾಗುತ್ತಾನೆ; ಆತಿಥ್ಯಕ್ಕೆ ಮೊದಲು ಬೇಕಾದದ್ದು ಅವಕಾಶ, ಅದು ಊರ ಹೊರಗುಂಟು.

ವಿರೋಧ: ಊರ ನಡುವೆಯೇ ಇರಲಿ

ಶೌಚದ ವಿಷಯದಲ್ಲಿ ಪರಪಕ್ಷದವರು ಹೇಳಿದ ಮಾತಿನಲ್ಲಿ ಒಂದನ್ನೂ ಅಲ್ಲಗಳೆಯಬೇಕಾಗಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಹೇಳಿದ್ದನ್ನಂತೂ ಇನ್ನೂ ಗಟ್ಟಿಯಾದ ದನಿಯಲ್ಲಿ ಹೇಳಬೇಕು. ಆದರೆ ಆ ಲೆಕ್ಕ ಸ್ಥಳವನ್ನು ಹಿಡಿದು ಬಂದುದಲ್ಲ, ಸಂಖ್ಯೆಯನ್ನೂ ವ್ಯವಸ್ಥೆಯನ್ನೂ ಹಿಡಿದು ಬಂದುದು. 80,000 ಜನರ ಸೂರ್ಯನಗರದಲ್ಲಿಯೂ ವಿರಾಮ ಅದೇ ಇಪ್ಪತ್ತು ನಿಮಿಷ. ಅದೇ ಮೂರರಲ್ಲೊಂದು ಪಾಲು ಎದ್ದರೆ ನಿಮಿಷಕ್ಕೆ 1,330 ಮಂದಿಯಾದರು. ಬಯಲು ವಿಶಾಲವಾಗಿದ್ದ ಮಾತ್ರಕ್ಕೆ ಆತಿಥ್ಯ ವಿಶಾಲವಾಗುವುದಾಗಿದ್ದರೆ, ಪುಣೆಯ ಹೊರಗೆ ಗಹುಂಜೆಯಲ್ಲಿ, ಮುಂಬಯಿ ಹೆದ್ದಾರಿಯ ಪಕ್ಕದ ತೆರೆದ ಬಯಲಿನಲ್ಲಿ 2012ರಲ್ಲಿ ಆರಂಭವಾದ ಕ್ರೀಡಾಂಗಣವು ಆದರ್ಶವಾಗಬೇಕಾಗಿತ್ತು. 2024ರ ಅಕ್ಟೋಬರಿನಲ್ಲಿ ನ್ಯೂಜಿಲೆಂಡ್ ಎದುರಿನ ಟೆಸ್ಟ್ ಪಂದ್ಯದ ಮೊದಲ ದಿನವೇ ಅಲ್ಲಿ ಪ್ರೇಕ್ಷಕರು ಬಿಸಿಲಿನಲ್ಲಿ ಕುಡಿಯುವ ನೀರಿಲ್ಲದೆ ಬಳಲಿ ಕೂಗಾಡಿದರು, ಸಂಘಟಕರು ಕ್ಷಮೆ ಕೇಳಬೇಕಾಯಿತು. ನಗರಮಧ್ಯದಲ್ಲಿ ಇಂಥ ತಪ್ಪು ನಡೆದರೆ ಬೀದಿಯಾಚೆ ಒಂದು ಅಂಗಡಿಯಾದರೂ ಇರುತ್ತದೆ. ಹೆದ್ದಾರಿಯ ಪಕ್ಕದಲ್ಲಿ ನಡೆದರೆ ಮೊರೆಹೋಗಲು ಮತ್ತಾವುದೂ ಇರುವುದಿಲ್ಲ.

ಊರ ನಡುವಣ ಕ್ರೀಡಾಂಗಣದ ದೊಡ್ಡ ಗುಣ ಇದು: ಅದರ ಗೋಡೆಯೊಳಗಿನ ಕೊರತೆಯನ್ನು ಗೋಡೆಯ ಹೊರಗಿನ ಊರು ತುಂಬಿಕೊಡುತ್ತದೆ. ಮೊದಲು ಹೇಳಿದ ಸಂಸಾರವನ್ನೇ ನೋಡೋಣ. ಬೆಳಗಿನ ಬಸ್ಸಿನಿಂದ ಮೆಜೆಸ್ಟಿಕ್ಕಿನಲ್ಲಿಳಿದ ತಂದೆ ತಾಯಿ ಮಕ್ಕಳು ಬಳೇಪೇಟೆಯ ಕಡೆಗೆ ನಾಲ್ಕು ಹೆಜ್ಜೆ ನಡೆದರೆ ಇಡ್ಲಿ ಉಪ್ಪಿಟ್ಟುಗಳಿಗೆ ಕೊರತೆಯಿಲ್ಲ. ಮಧ್ಯಾಹ್ನಕ್ಕೆ ಮೆಟ್ರೊ ಹತ್ತಿದರೆ ಮೂರನೆಯ ನಿಲ್ದಾಣವೇ ಕಬ್ಬನ್ ಪಾರ್ಕು, ಇಳಿದರೆ ಎದುರಿಗೆ ಕ್ರೀಡಾಂಗಣ. ಹಣವಿದ್ದವರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಉಂಟು, ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲಿನ ಮರದ ನೆರಳಿನಲ್ಲಿ ದೋಸೆಯುಂಟು. ಇಲ್ಲದವರಿಗೆ ಶಿವಾಜಿನಗರದ ಬಸ್ ನಿಲ್ದಾಣದ ಸುತ್ತಿನ ಚಿಕ್ಕ ಹೋಟೆಲುಗಳುಂಟು, ನಿಂತು ತಿನ್ನುವ ದರ್ಶಿನಿಗಳುಂಟು, ಮೊಸರನ್ನ ಚಿತ್ರಾನ್ನಗಳನ್ನು ಪೊಟ್ಟಣ ಕಟ್ಟಿಕೊಡುವ ಗಾಡಿಗಳುಂಟು. ಕಾಫಿ ಕುಡಿದವನು ಅಲ್ಲಿಯೇ ಕೈಕಾಲು ತೊಳೆದು ಬರುತ್ತಾನೆ. ಹೋಟೆಲೆಂಬುದು ನಮ್ಮಲ್ಲಿ ಊಟದ ಮನೆಯಷ್ಟೇ ಅಲ್ಲ, ಪರಸ್ಥಳದವರಿಗೆ, ವಿಶೇಷವಾಗಿ ಪರಸ್ಥಳದ ಸ್ತ್ರೀಯರಿಗೆ, ಸಂಕೋಚವಿಲ್ಲದೆ ಬಳಸಬಹುದಾದ ಶೌಚಾಲಯವೂ ಹೌದು. ಇವನ್ನೆಲ್ಲ ಯಾವ ಕ್ರಿಕೆಟ್ ಸಂಸ್ಥೆಯೂ ಕಟ್ಟಲಿಲ್ಲ. ಕಚೇರಿಗೆ ಬರುವ ಗುಮಾಸ್ತ, ಆಸ್ಪತ್ರೆಗೆ ಬರುವ ರೋಗಿ, ಮೊಕದ್ದಮೆಗೆ ಬರುವ ರೈತ, ಇವರೆಲ್ಲರ ನಿತ್ಯದ ಅಗತ್ಯ ಅವನ್ನು ಸಾಕಿ ಬೆಳೆಸಿತು. ಪಂದ್ಯದ ದಿನ ಮಾತ್ರ ಜನ ಸೇರುವ ಬಯಲಿನಲ್ಲಿ ಅನ್ನದ ಅಂಗಡಿ ತಾನಾಗಿ ಬರುತ್ತದೆನ್ನುವವರು, ವರ್ಷದ ಉಳಿದ ದಿನಗಳಲ್ಲಿ ಆ ಅಂಗಡಿಯವನ ಒಲೆ ಹೇಗೆ ಉರಿಯಬೇಕೆಂಬುದನ್ನು ಯೋಚಿಸಬೇಕು. ಕ್ರೀಡಾಂಗಣದೊಳಗಣ ಗುತ್ತಿಗೆದಾರನೊಬ್ಬನೇ ಅಲ್ಲಿ ಉಳಿದರೆ ಅವನು ಹೇಳಿದ್ದೇ ಬೆಲೆ.

ವಸತಿಯ ಮಾತು ಇನ್ನೂ ಗಹನವಾದುದು. ಬೆಂಗಳೂರಿನ ರೈಲುನಿಲ್ದಾಣದ ಎದುರಿನಲ್ಲಿ ಗುಬ್ಬಿ ತೋಟದಪ್ಪನವರ ಛತ್ರ ಆರಂಭವಾದದ್ದು 1903ರಲ್ಲಿ; ಅದರ ಸುತ್ತಮುತ್ತ ಗಾಂಧಿನಗರ, ಕಾಟನ್‌ಪೇಟೆ, ಚಿಕ್ಕಪೇಟೆಗಳಲ್ಲಿ ಲಾಡ್ಜುಗಳು ಎದ್ದು, ಯಾವ ಅಪರಾತ್ರಿಯಲ್ಲಿ ಬಂದವನಿಗೂ ಗುರುತಿನ ಚೀಟಿ ತೋರಿಸಿದರೆ ಇಪ್ಪತ್ತನಾಲ್ಕು ಗಂಟೆಯ ಬಾಡಿಗೆಗೊಂದು ಕೋಣೆಯನ್ನು ಕೊಡುವ ಪದ್ಧತಿ ಬೇರೂರಿದ್ದು ಹಲವು ತಲೆಮಾರುಗಳ ಫಲ. ಇಂಥ ಆಸರೆಯ ನಿಜವಾದ ಬೆಲೆ ಅದು ಇಲ್ಲದೆಡೆಯಲ್ಲಿ ಗೋಚರವಾಗುತ್ತದೆ. ಅಹಮದಾಬಾದಿನ ಅಂಚಿನ ಮೊಟೇರಾದಲ್ಲಿ 1,32,000 ಜನ ಕೂಡಬಲ್ಲ ಕ್ರೀಡಾಂಗಣವನ್ನು ಕಟ್ಟಿದರು. 2023ರ ವಿಶ್ವಕಪ್ಪಿನಲ್ಲಿ ಭಾರತ ಪಾಕಿಸ್ತಾನಗಳ ಪಂದ್ಯ ಅಲ್ಲಿ ನಡೆಯುವುದೆಂದು ಪ್ರಕಟವಾದೊಡನೆ ಹೋಟೆಲುಗಳ ದರ ಹಲವು ಪಟ್ಟು ಏರಿ, ದೂರದ ಅಭಿಮಾನಿಗಳು ಸಂಪೂರ್ಣ ದೇಹಪರೀಕ್ಷೆಯ ನೆಪದಲ್ಲಿ ರಾತ್ರಿಯ ತಂಗುವಿಕೆಗಾಗಿ ಆಸ್ಪತ್ರೆಯ ಹಾಸಿಗೆಗಳನ್ನೇ ವಿಚಾರಿಸತೊಡಗಿದರೆಂದು ಪತ್ರಿಕೆಗಳು ವರದಿಮಾಡಿದುವು. ಪಂದ್ಯವನ್ನು ಅಕ್ಟೋಬರ್ 15ರಿಂದ 14ಕ್ಕೆ ಹಿಂದೂಡಿದಾಗ ಮೊದಲೇ ಕೋಣೆ ಗೊತ್ತುಮಾಡಿಕೊಂಡವರು ಪಟ್ಟ ಬವಣೆ ಬೇರೆ.

ಬೊಮ್ಮಸಂದ್ರದ ಸನ್ನಿವೇಶದಲ್ಲಿ ಆ ವರದಿ ನೆನಪಿಗೆ ಬಂದು ಮನಸ್ಸು ಕಳವಳಗೊಳ್ಳುತ್ತದೆ. ಹೃದ್ರೋಗ ಚಿಕಿತ್ಸೆಗೆ ಹೆಸರಾದ ನಾರಾಯಣ ಆಸ್ಪತ್ರೆಯ ಸಂಕೀರ್ಣ ಅಲ್ಲಿರುವುದರಿಂದ, ಸುತ್ತಣ ಅಗ್ಗದ ಲಾಡ್ಜುಗಳಲ್ಲಿಯೂ ಬಾಡಿಗೆ ಕೋಣೆಗಳಲ್ಲಿಯೂ ತಂಗಿರುವವರು ಬಹುಮಟ್ಟಿಗೆ ರೋಗಿಗಳ ಬಂಧುಗಳು. ಬಂಗಾಳದಷ್ಟು ದೂರದಿಂದ ಬಂದು, ಒಂದು ಸೀಮೆಎಣ್ಣೆಯ ಒಲೆಯನ್ನೋ ಗ್ಯಾಸಿನ ಒಲೆಯನ್ನೋ ಇಟ್ಟುಕೊಂಡು, ಶಸ್ತ್ರಚಿಕಿತ್ಸೆಯ ದಿನವನ್ನು ಕಾಯುತ್ತಿರುವವರು. ಪಂದ್ಯದ ರಾತ್ರಿ ಎರಡರಷ್ಟು ಬಾಡಿಗೆ ಕೊಡಲು ಸಿದ್ಧನಾದ ಪ್ರೇಕ್ಷಕ ಬಾಗಿಲಿಗೆ ಬಂದಾಗ, ಆ ಕೋಣೆ ಯಾರ ಪಾಲಾಗುವುದೆಂದು ಊಹಿಸುವುದು ಕಷ್ಟವಲ್ಲ. ಆಟದ ಸಂತೋಷವನ್ನು ಈ ಬೆಲೆಗೆ ಕೊಳ್ಳುವುದು ಅನ್ಯಾಯ. ಈ ಚರ್ಚೆಯಲ್ಲಿ ಇದನ್ನು ಯಾರೂ ಎತ್ತದಿರುವುದು ಖೇದಕರ.

ಇನ್ನು ಮರಳುವ ದಾರಿ. ಮೆಟ್ರೊ ಇದೆಯಷ್ಟೆ ಎನ್ನುತ್ತಾರೆ. ಆರು ಬೋಗಿಯ ರೈಲೊಂದು ಕಿಕ್ಕಿರಿದು ತುಂಬಿದರೆ ಒಯ್ಯಬಹುದಾದವರು ಎರಡು ಸಾವಿರದ ಹತ್ತಿರ ಹತ್ತಿರ. 80,000 ಮಂದಿಯಲ್ಲಿ ಅರ್ಧದಷ್ಟು ಜನ ಅದನ್ನೇ ನೆಚ್ಚಿದರೆ ಇಪ್ಪತ್ತು ರೈಲು ಬೇಕು, ಐದು ನಿಮಿಷಕ್ಕೊಂದರಂತೆ ಬಿಟ್ಟರೂ ಕೊನೆಯವನು ಹತ್ತುವ ವೇಳೆಗೆ ನೂರು ನಿಮಿಷ ಕಳೆದಿರುತ್ತದೆ. ಅಷ್ಟು ಹೊತ್ತಿಗೆ ಶಿವಮೊಗ್ಗೆಯ ಕಡೆಗೆ ಯಾವ ಬಸ್ಸು ಕಾದಿರುತ್ತದೆ? ಚಿನ್ನಸ್ವಾಮಿಯಿಂದ ಹೊರಟವನು ಮೆಟ್ರೊ ತಪ್ಪಿದರೂ ಬಸ್ಸಿನಲ್ಲಿ ಹೋದಾನು, ಆಟೊ ಹಿಡಿದಾನು, ಕಡೆಗೆ ಮಾತನಾಡಿಕೊಂಡು ನಡೆದೇ ಮೆಜೆಸ್ಟಿಕ್ ಸೇರಿಯಾನು; ದಾರಿಯುದ್ದಕ್ಕೂ ದೀಪವಿದೆ, ಜನವಿದೆ. ಕೊಲ್ಕತ್ತೆಯ ಈಡನ್ ಗಾರ್ಡನ್ಸ್, ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದ ಪಕ್ಕದ ವಾಂಖೇಡೆ, ಲಕ್ಷ ಜನ ಸೇರುವ ಮೆಲ್ಬರ್ನ್ ಮೈದಾನ, ಎಲ್ಲವೂ ಊರಿನ ಒಡಲಿನಲ್ಲಿಯೇ ಇವೆ.

ಹಾಗಾದರೆ ಇಲ್ಲಿಯ ಶೌಚದ ಕೊರತೆಗೆ ಪರಿಹಾರವೇನು? ಸ್ಥಳವಿಲ್ಲವೆಂಬುದು ಅರ್ಧಸತ್ಯ. ಆಸನಗಳ ಸಂಖ್ಯೆಯನ್ನು ಕೆಲವು ಸಾವಿರದಷ್ಟು ಕಡಿಮೆಮಾಡಿ, ಆ ಸ್ಥಳವನ್ನು ದ್ವಾರಗಳಿಗೂ ಸ್ತ್ರೀಯರ ಶೌಚಾಲಯಗಳಿಗೂ ಬಿಟ್ಟುಕೊಡಲಿ. ಪ್ರಾಣಹಾನಿಯ ಪಾಠವೂ ಅದನ್ನೇ ಕೇಳುತ್ತದೆ. ಪಂದ್ಯದ ಸಂಜೆ ಕಬ್ಬನ್ ಪಾರ್ಕಿನ ಸುತ್ತಣ ಸಾರ್ವಜನಿಕ ಶೌಚಾಲಯಗಳೂ ಮೆಟ್ರೊ ನಿಲ್ದಾಣದವೂ ನಡುರಾತ್ರಿಯವರೆಗೆ ತೆರೆದಿರಲಿ, ಚಲಿಸುವ ಶೌಚಾಲಯಗಳ ವಾಹನಗಳು ನಾಲ್ಕು ರಸ್ತೆಗಳಲ್ಲಿಯೂ ನಿಲ್ಲಲಿ, ಅವುಗಳನ್ನು ತೊಳೆಯುವ ಪೌರಕಾರ್ಮಿಕರಿಗೆ ರಾತ್ರಿಪಾಳಿಯ ಕೂಲಿ ಟಿಕೆಟ್ಟಿನ ಹಣದಿಂದಲೇ ಸಲ್ಲಲಿ. ದಾರಿಗರಿಗೆ ಅರವಟ್ಟಿಗೆಯನ್ನಿಟ್ಟವರ ಹೆಸರನ್ನು ಶಾಸನಗಳಲ್ಲಿ ಕೆತ್ತಿಸಿ ಕಾಪಾಡಿದ ನಾಡಿನಲ್ಲಿ, ನೀರಿನ ಬಾಟಲಿಯನ್ನು ದ್ವಾರದಲ್ಲಿ ಕಿತ್ತಿಟ್ಟುಕೊಳ್ಳುವವರು ಒಳಗೆ ಪ್ರತಿಯೊಂದು ಗ್ಯಾಲರಿಯಲ್ಲಿಯೂ ಬೆಲೆಯಿಲ್ಲದ ನೀರನ್ನಿಡುವುದು ಕರ್ತವ್ಯವೆಂದು ಕಾನೂನೇ ವಿಧಿಸಲಿ. ಮೆಜೆಸ್ಟಿಕ್ಕಿನಲ್ಲಿ ಆ ರಾತ್ರಿಗಳಿಗೆಂದು ಸ್ತ್ರೀಯರಿಗೂ ಸಂಸಾರಗಳಿಗೂ ಒಂದು ವಿಶ್ರಾಂತಿಗೃಹವನ್ನು ತೆರೆದಿಡಲಿ. ಇವಿಷ್ಟಕ್ಕೆ ತಗಲುವ ಹಣ 1,650 ಕೋಟಿಯ ಎದುರಿನಲ್ಲಿ ಅತ್ಯಲ್ಪ. ಇವನ್ನು ಮಾಡಿ, ಒಂದು ಋತುವಿನ ಪಂದ್ಯಗಳಲ್ಲಿ ಪರೀಕ್ಷಿಸಿ, ಆಮೇಲೂ ಹೆಣ್ಣುಮಗಳೊಬ್ಬಳು ನೀರು ಕುಡಿಯಲು ಹೆದರಿ ಕೂಡಬೇಕಾಗಿ ಬಂದರೆ, ಆಗ ಸೂರ್ಯನಗರದ ನಕ್ಷೆಯನ್ನು ಬಿಡಿಸಿ ನೋಡಬಹುದು.