ಅಗ್ಗದ ಕೊರಿಯರ್ ನಿಜಕ್ಕೂ ಅಗ್ಗವೇ? ಶಿರಸಿಯ ಸಣ್ಣ ವ್ಯಾಪಾರಿಗಳು ಹಾಕಬೇಕಾದ ಲೆಕ್ಕ

ಶಿರಸಿ: ರಿಜಿಸ್ಟರ್ಡ್ ಪೋಸ್ಟ್ ಅನ್ನೋದು ಈಗ ಬೇರೆ ಸೇವೆಯಾಗಿ ಉಳಿದಿಲ್ಲ. 2025ರ ಸೆಪ್ಟೆಂಬರ್ 1ರಿಂದ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿತು. ಮರುತಿಂಗಳೇ, ಅಕ್ಟೋಬರ್ 1ರಿಂದ, ಸ್ಪೀಡ್ ಪೋಸ್ಟ್ ದರವೂ ಬದಲಾಯಿತು. ಖಾಸಗಿ ಕಡೆ ನೋಡಿದರೆ ಅದೇ ವರ್ಷ ಡೆಲ್ಹಿವರಿ ಕಂಪನಿ ತನ್ನ ಎದುರಾಳಿ ಇಕಾಮ್ ಎಕ್ಸ್‌ಪ್ರೆಸ್ಸನ್ನು ಖರೀದಿ ಮಾಡಿತು. ಅಂದರೆ ಆನ್‌ಲೈನ್ ಪಾರ್ಸಲ್ ಸಾಗಿಸುವ ದೊಡ್ಡ ಕಂಪನಿಗಳಲ್ಲಿ ಒಂದು ಕಡಿಮೆಯಾಯಿತು.

ಇದೆಲ್ಲ ದಿಲ್ಲಿ, ಮುಂಬೈ ಸುದ್ದಿ, ನಮಗೇನು ಅಂತ ಅನ್ನಿಸಬಹುದು. ಆದರೆ ನಮ್ಮ ತಾಲೂಕಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಕೋಕಂ ಮಾಡಿ ವಾಟ್ಸಾಪ್‌ನಲ್ಲೇ ಆರ್ಡರ್ ತಗೊಂಡು ಹೊರಗೆ ಕಳಿಸುವ ಮನೆಗಳು ಈಗ ಒಂದೆರಡಲ್ಲ. ಅವರ ಲಾಭ ಇರೋದೇ ಬಾಟ್ಲಿಗೆ ಐವತ್ತೋ ಅರವತ್ತೋ ರೂಪಾಯಿ. ಕೊರಿಯರ್‌ನಲ್ಲಿ 20 ರೂಪಾಯಿ ಹೆಚ್ಚು ಕಡಿಮೆ ಆದ್ರೆ ಅದು ನೇರ ಅಡುಗೆಮನೆಗೇ ತಟ್ಟುತ್ತದೆ. ಹಾಗಾಗಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಯಾವ ಕೊರಿಯರ್ ಕಡಿಮೆ ಬೀಳ್ತದೆ?"

ಈ ಪ್ರಶ್ನೆಯೇ ಸ್ವಲ್ಪ ತಪ್ಪು. ಕಂಪನಿ ನೋಡಿ ಕೊರಿಯರ್ ಆರಿಸೋದಲ್ಲ, ಏನು ಕಳಿಸ್ತಿದ್ದೀರಿ, ಯಾವ ಊರಿಗೆ ಅನ್ನೋದನ್ನ ನೋಡಿ ಆರಿಸಬೇಕು. ಒಂದೇ ಅಂಗಡಿಗೆ ಎರಡು ಮೂರು ದಾರಿ ಬೇಕಾಗುತ್ತದೆ.

20 ರೂಪಾಯಿ ಉಳಿತಾಯದ ಕಥೆ

ಒಂದು ಲೆಕ್ಕ ಹಾಕೋಣ. ಎರಡು ಕೊರಿಯರ್ ಇವೆ ಅಂತ ಇಟ್ಕೊಳ್ಳಿ. ಒಂದು ಪಾರ್ಸಲ್‌ಗೆ 70 ರೂಪಾಯಿ, ಇನ್ನೊಂದು 90. ತಿಂಗಳಿಗೆ ನೂರು ಪಾರ್ಸಲ್ ಕಳಿಸಿದರೆ ಅಗ್ಗದ್ದರಲ್ಲಿ 2,000 ರೂಪಾಯಿ ಉಳಿಯಿತು. ಆದರೆ ಆ ಅಗ್ಗದ ಕೊರಿಯರ್ ನೂರಕ್ಕೆ ನಾಲ್ಕು ಪಾರ್ಸಲ್ ಹೆಚ್ಚು ಒಡೆದರೆ ಅಥವಾ ಕಳೆದರೆ? ಸಾಮಾನಿನ ಅಸಲು 400, ಪ್ಯಾಕಿಂಗ್ 25, ಮತ್ತೆ ಕಳಿಸಲು 70, ಒಟ್ಟು 495. ನಾಲ್ಕಕ್ಕೆ 1,980. ತಿಂಗಳಿಡೀ ಉಳಿಸಿದ್ದು 20 ರೂಪಾಯಿ! ನಾಲ್ಕು ಗಿರಾಕಿಗಳ ಬೈಗುಳ ಇದರ ಮೇಲೆ ಪುಕ್ಕಟೆ.

ಕಳೆದ ಮಳೆಗಾಲದಲ್ಲಿ ನಾನೇ ಬೆಂಗಳೂರಿಗೆ ತಂಗಿಗೆ ಜೋನಿ ಬೆಲ್ಲ ಕಳಿಸಿದ್ದೆ. ಕೌಂಟರಿನಲ್ಲಿ "ಎರಡು ದಿನ ಸಾಕು ಸರ್" ಅಂದಿದ್ದರು. ಎಂಟನೇ ದಿನ ಮುಟ್ಟಿತು. ಡಬ್ಬದ ಬಾಯಿ ಸಡಿಲಾಗಿ, ರಟ್ಟಿನ ಪೆಟ್ಟಿಗೆ ಅಂಟು ಅಂಟಾಗಿ, ಇರುವೆ ಸಮೇತ. ತಪ್ಪು ಅರ್ಧ ಅವರದ್ದು, ಅರ್ಧ ನನ್ನದೇ. ಮುಚ್ಚಳಕ್ಕೆ ಟೇಪ್ ಸುತ್ತಿದ್ದೆ ಹೊರತು ಡಬ್ಬವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಟ್ಟಿರಲಿಲ್ಲ. ಬೆಲ್ಲ, ಉಪ್ಪಿನಕಾಯಿ, ಎಣ್ಣೆ ಯಾವುದೇ ಇರಲಿ, ಪೆಟ್ಟಿಗೆ ಉಲ್ಟಾ ಇಟ್ಟು ಒಂದು ರಾತ್ರಿ ಬಿಟ್ಟು ನೋಡಿ. ಮನೆಯಲ್ಲೇ ಸೋರಿದರೆ ಲಾರಿಯಲ್ಲಿ ಸೋರದೇ ಇರುತ್ತದಾ?

ತೂಕ ಒಂದು, ಚಾರ್ಜ್ ಇನ್ನೊಂದು

ಹೊಸದಾಗಿ ವ್ಯಾಪಾರ ಶುರು ಮಾಡಿದವರು ಹೆಚ್ಚು ಏಟು ತಿನ್ನೋದು ಇಲ್ಲಿ. ಖಾಸಗಿ ಕೊರಿಯರ್‌ಗಳು ತಕ್ಕಡಿ ತೂಕ ಒಂದನ್ನೇ ನೋಡೋದಿಲ್ಲ. ಪೆಟ್ಟಿಗೆ ಎಷ್ಟು ಜಾಗ ಹಿಡೀತದೆ ಅಂತಲೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಕಿಲೋ ಲೆಕ್ಕ. ತಕ್ಕಡಿ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್.

ಉಪ್ಪಿನಕಾಯಿಯವರಿಗೆ ಇದು ಅಷ್ಟು ತಾಗೋದಿಲ್ಲ, ಅದು ಭಾರದ ಸಾಮಾನು. ಹಪ್ಪಳದವರಿಗೆ ಮಾತ್ರ ತಾಗುತ್ತದೆ. ಎರಡೂವರೆ ಕಿಲೋ ಹಲಸಿನ ಹಪ್ಪಳವನ್ನು ಅಂಗಡಿಯಲ್ಲಿ ಸಿಕ್ಕ 40-30-25 ಸೆಂಟಿಮೀಟರಿನ ಹಳೆ ಪೆಟ್ಟಿಗೆಗೆ ಹಾಕಿ, ಉಳಿದ ಜಾಗಕ್ಕೆ ಪೇಪರ್ ತುರುಕಿದರೆ ಬಿಲ್ ಆಗೋದು 6 ಕಿಲೋಗೆ. ಅದೇ ಹಪ್ಪಳವನ್ನು ಒತ್ತಾಗಿ ಜೋಡಿಸಿ 22-22-25ರ ಪೆಟ್ಟಿಗೆಯಲ್ಲಿ ಕೂರಿಸಿದರೆ ಲೆಕ್ಕ 2.42 ಕಿಲೋ, ಅಂದರೆ ತಕ್ಕಡಿ ತೂಕಕ್ಕಿಂತ ಕಡಿಮೆ. ಹಪ್ಪಳದ ಅಳತೆಗೆ ಪೆಟ್ಟಿಗೆ ಮಾಡಿಸಿಕೊಳ್ಳುವ ಖರ್ಚು ಕೆಲವೇ ಪಾರ್ಸಲ್‌ನಲ್ಲಿ ವಾಪಸ್ ಬರುತ್ತದೆ. ಕೊರಿಯರ್ ಬದಲಾಯಿಸೋಕಿಂತ ಮೊದಲು ಪೆಟ್ಟಿಗೆ ಬದಲಾಯಿಸಿ ನೋಡಿ.

ಮೊಬೈಲ್ ಆ್ಯಪ್‌ನಲ್ಲಿ ಹಲವು ಕೊರಿಯರ್‌ಗಳ ದರ ಒಟ್ಟಿಗೆ ತೋರಿಸುವ ಕಂಪನಿಗಳನ್ನು ಬಳಸುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ದೊಡ್ಡ ಅಕ್ಷರದಲ್ಲಿ ಕಾಣೋದು ಹೆಚ್ಚಾಗಿ ಅರ್ಧ ಕಿಲೋ ದರ. ಹಬ್‌ನಲ್ಲಿ ಮೆಷಿನ್ ಅಳತೆ ಮಾಡಿ ಹೆಚ್ಚು ಅಂದರೆ ನಿಮ್ಮ ವ್ಯಾಲೆಟ್‌ನಿಂದ ಹಣ ತಾನೇ ಕಡಿತ ಆಗುತ್ತದೆ, ಕೇಳೋರಿಲ್ಲ. ಪ್ರತಿ ಪಾರ್ಸಲ್ ತಕ್ಕಡಿ ಮೇಲಿಟ್ಟು ಒಂದು ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು ಒಂದು ಫೋಟೋ ತೆಗೆದಿಟ್ಟರೆ ತಕರಾರು ಹಾಕೋಕೆ ಆಧಾರ ಇರುತ್ತದೆ. ದರ ಕೇಳುವಾಗ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ಕೊರಿಯರ್‌ಗೆ ಜಿಎಸ್‌ಟಿ 18 ಪರ್ಸೆಂಟ್, ಸಣ್ಣ ಮೊತ್ತ ಅಲ್ಲ.

ಯಾವ ಊರಿಗೆ ಯಾವ ದಾರಿ

ಶಿರಸಿಗೆ ರೈಲಿಲ್ಲ. ಇಲ್ಲಿಂದ ಹೊರಡುವ ಪ್ರತಿ ಪಾರ್ಸಲ್ಲೂ ರಸ್ತೆಯಲ್ಲೇ ಹೋಗಬೇಕು, ಒಂದೋ ಹುಬ್ಬಳ್ಳಿ-ಹಾವೇರಿ ಕಡೆ, ಇಲ್ಲ ಸಾಗರ-ಶಿವಮೊಗ್ಗ ಕಡೆ, ಇಲ್ಲ ಘಟ್ಟ ಇಳಿದು ಕುಮಟಾ ಕಡೆ. ಹಾಗಾಗಿ ಕೌಂಟರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ. "ನಿಮ್ಮ ಗಾಡಿ ಎಷ್ಟು ಗಂಟೆಗೆ ಬಿಡ್ತದೆ?" ಅಂತ ಕೇಳಿ. ಗಾಡಿ ಹೋದ ಮೇಲೆ ಕೊಟ್ಟರೆ ಒಂದು ದಿನ ಹೋಯಿತು. ಶನಿವಾರ ಹಾಗಾದ್ರೆ ಸೋಮವಾರದವರೆಗೆ ನಿಮ್ಮ ಉಪ್ಪಿನಕಾಯಿ ಶಿರಸಿಯಲ್ಲೇ ವಿಶ್ರಾಂತಿ ತಗೊಳ್ಳುತ್ತಿರುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರೋದಿಲ್ಲ. ಸಣ್ಣ ಪಟ್ಟಣಗಳಲ್ಲಿ ಕೊರಿಯರ್ ಕಚೇರಿ ಅಂದರೆ ಹೆಚ್ಚಿನವು ಫ್ರಾಂಚೈಸಿ. ಬೋರ್ಡ್ ದೊಡ್ಡ ಕಂಪನಿಯದ್ದು, ನಡೆಸೋದು ಸ್ಥಳೀಯರು. ಶಿರಸಿಯವರು ಚೆನ್ನಾಗಿ ಕೆಲಸ ಮಾಡಬಹುದು, ಆದರೆ ಆಚೆ ಊರಲ್ಲಿ ಮುಟ್ಟಿಸುವವರು ಬೇರೆ ಜನ. ಆದ್ದರಿಂದ "ಆ ಕಂಪನಿ ಒಳ್ಳೇದು, ಈ ಕಂಪನಿ ಕೆಟ್ಟದ್ದು" ಅನ್ನೋ ಮಾತಿಗೆ ಅರ್ಥ ಕಡಿಮೆ. ಮೈಸೂರಿಗೆ ಒಳ್ಳೇದಿದ್ದದ್ದು ಬೆಳಗಾವಿಗೆ ಸರಿ ಇಲ್ಲದಿರಬಹುದು. ಒಂದು ನೋಟ್‌ಬುಕ್‌ನಲ್ಲಿ ಪಿನ್‌ಕೋಡ್, ಕೊಟ್ಟ ದಿನ, ಮುಟ್ಟಿದ ದಿನ, ಸ್ಥಿತಿ ಬರೆಯುತ್ತಾ ಹೋಗಿ. ಎರಡು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ, ಯಾರ ಸಲಹೆಯೂ ಬೇಡ.

ಹಳ್ಳಿಗೆ ಕಳಿಸುವುದಾದರೆ ನನ್ನ ಮತ ಅಂಚೆಗೆ. ನಮ್ಮದೇ ಹುಲೇಕಲ್, ವಾನಳ್ಳಿ ಕಡೆ ನೋಡಿ. ಖಾಸಗಿಯವರು ಎಷ್ಟೋ ಸಲ ಫೋನ್ ಮಾಡಿ "ಶಿರಸಿಗೆ ಬಂದು ತಗೊಂಡು ಹೋಗಿ" ಅನ್ನುತ್ತಾರೆ. ಪೋಸ್ಟ್‌ಮನ್ ಮನೆ ಬಾಗಿಲಿಗೆ ಬರುತ್ತಾನೆ. ಬೇರೆ ಜಿಲ್ಲೆಯ ಹಳ್ಳಿಯಲ್ಲೂ ಕಥೆ ಇದೇ ಅಲ್ಲವೇ? ಗಿರಾಕಿ ಕೊಟ್ಟ ಪಿನ್‌ಕೋಡ್‌ಗೆ ಮನೆವರೆಗೆ ಡೆಲಿವರಿ ಇದೆಯಾ ಅಂತ ಹಣ ಕಟ್ಟುವ ಮೊದಲು ಕೇಳಿಕೊಳ್ಳಿ.

ಅಂಚೆ ದರದ ಬಗ್ಗೆ ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಗೊಂದಲ ಇಲ್ಲೇ ಜಾಸ್ತಿ. 2025ರ ಅಕ್ಟೋಬರ್ ದರದ ಪ್ರಕಾರ 50 ಗ್ರಾಂವರೆಗಿನ ಕಾಗದಪತ್ರಕ್ಕೆ ಊರೊಳಗೆ 19 ರೂಪಾಯಿ, ಹೊರಗೆ ದೇಶದ ಯಾವ ಮೂಲೆಗೂ 47 ರೂಪಾಯಿ. ಜಿಎಸ್‌ಟಿ ಸೇರಿ 47 ಅನ್ನೋದು 55 ದಾಟುತ್ತದೆ. ಹಳೇ ರಿಜಿಸ್ಟರ್ಡ್ ಹಾಗೆ ವಿಳಾಸದಾರರ ಕೈಗೇ ಕೊಡಬೇಕು ಅಂದರೆ 5 ರೂಪಾಯಿ, ಒಟಿಪಿ ನೋಡಿ ಕೊಡಬೇಕು ಅಂದರೆ 5 ರೂಪಾಯಿ, ಎರಡಕ್ಕೂ ಜಿಎಸ್‌ಟಿ ಬೇರೆ. ಬಾಕಿ ವಸೂಲಿಗೆ ನೋಟಿಸ್ ಕಳಿಸುವ ಅಂಗಡಿಯವರಿಗೆ, ಸಂಘಗಳಿಗೆ ಇದು ಹೊರೆಯೇ. ಆದರೆ ಇದು ಕಾಗದಪತ್ರದ ದರ. ಪಾರ್ಸಲ್ ದರ ಬೇರೆ. ವಾಟ್ಸಾಪ್‌ನಲ್ಲಿ ಓಡಾಡುವ ದರಪಟ್ಟಿ ನೋಡಿ ಹಪ್ಪಳಕ್ಕೆ ಲೆಕ್ಕ ಹಾಕಬೇಡಿ, ಕೌಂಟರಿನಲ್ಲೇ ಕೇಳಿ. ತಿಂಗಳಿಗೆ ಹೆಚ್ಚು ಕಳಿಸುವವರು ಒಪ್ಪಂದದ ದರ ಸಿಗುತ್ತದಾ ಅಂತ ಪೋಸ್ಟ್‌ಮಾಸ್ಟರ್ ಹತ್ತಿರ ವಿಚಾರಿಸಿ. ನಾವು ಕೇಳದೆ ಅವರಾಗಿ ಹೇಳುವುದು ಅಪರೂಪ.

ಹುಬ್ಬಳ್ಳಿ, ಬೆಂಗಳೂರು, ಮೈಸೂರಿನ ಅಂಗಡಿಗಳಿಗೆ ಹತ್ತು ಹದಿನೈದು ಕಿಲೋ ಒಟ್ಟಿಗೆ ಹೋಗುವುದಾದರೆ ಕೊರಿಯರ್ ಯಾಕೆ ಬೇಕು? ಸರ್ಕಾರಿ ಬಸ್ಸಿನ 'ನಮ್ಮ ಕಾರ್ಗೋ' ಇದೆ. ಸಾರಿಗೆ ಸಂಸ್ಥೆಗಳು 2021ರಲ್ಲಿ ಶುರು ಮಾಡಿದ ಸೇವೆ, 2023ರ ಡಿಸೆಂಬರಿನಲ್ಲಿ ಕೆಎಸ್‌ಆರ್‌ಟಿಸಿ ಇದಕ್ಕೇ ಅಂತ ಲಾರಿಗಳನ್ನೂ ಇಳಿಸಿತು. ಗದಗಿನಲ್ಲಿ 1976ರಲ್ಲಿ ಒಂದು ಲಾರಿಯಿಂದ ಶುರುವಾದ ವಿಆರ್‌ಎಲ್‌ನಂಥ ಸಾರಿಗೆ ಕಂಪನಿಗಳ ಪಾರ್ಸಲ್ ಸೇವೆಯೂ ಇದೆ. ಇಂಥ ದಾರಿಯಲ್ಲಿ ಸಾಮಾನ್ಯವಾಗಿ ಗಿರಾಕಿಯೇ ಬಸ್‌ಸ್ಟ್ಯಾಂಡಿಗೋ ಗೋಡೌನಿಗೋ ಬಂದು ಬಿಡಿಸಿಕೊಳ್ಳಬೇಕು. ಅಂಗಡಿಯವರು ಬರುತ್ತಾರೆ, ಒಂದು ಬಾಟ್ಲಿ ತರಿಸಿದ ಫ್ಲಾಟಿನವರು ಬರೋದಿಲ್ಲ. ಸಾಮಾನಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು ಅನ್ನೋದು ನೆನಪಿರಲಿ, ಅಡಿಕೆಯವರಿಗಂತೂ ಹೇಳಬೇಕಾಗಿಯೇ ಇಲ್ಲ.

ಕ್ಯಾಶ್ ಆನ್ ಡೆಲಿವರಿ ಅನ್ನೋ ಬಲೆ

ಗಿರಾಕಿ "ಬಂದ ಮೇಲೆ ದುಡ್ಡು ಕೊಡ್ತೇನೆ" ಅಂದಾಗ ಇಲ್ಲ ಅನ್ನೋಕೆ ಕಷ್ಟ. ಆದರೆ ವಾಪಸ್ ಬಂದ ಪಾರ್ಸಲ್‌ಗೆ ಹೋದ ಬಾಡಿಗೆಯೂ ನಿಮ್ಮದೇ, ಬಂದ ಬಾಡಿಗೆಯೂ ನಿಮ್ಮದೇ. ತಿಂಗಳಿಗೆ 20 ಆರ್ಡರ್, ಮುಟ್ಟಿದರೆ ಎಲ್ಲಾ ಖರ್ಚು ಕಳೆದು ಒಂದಕ್ಕೆ 120 ರೂಪಾಯಿ ಲಾಭ ಅಂತ ಇಟ್ಕೊಳ್ಳಿ. ವಾಪಸ್ ಬಂದದ್ದಕ್ಕೆ ಹೋಗಿಬರುವ ಬಾಡಿಗೆ 180, ಪ್ಯಾಕಿಂಗ್ 25, ಒಟ್ಟು 205 ನಷ್ಟ. ನಾಲ್ಕು ವಾಪಸ್ ಬಂದರೆ ಲಾಭ 1,920ರಿಂದ ನಷ್ಟ 820 ಹೋಗಿ ಕೈಗೆ 1,100. ಎಂಟು ವಾಪಸ್ ಬಂದರೆ? ಲಾಭ 1,440, ನಷ್ಟ 1,640. ತಿಂಗಳಿಡೀ ದುಡಿದು ಕೈಯಿಂದ 200 ರೂಪಾಯಿ ಹಾಕಿದ ಹಾಗೆ. ಒಡೆದ ಬಾಟ್ಲಿ ಇದರಲ್ಲಿ ಸೇರಿಲ್ಲ. ವಸೂಲಾದ ಹಣ ನಿಮ್ಮ ಖಾತೆಗೆ ಬರೋಕೂ ದಿನ ಹಿಡಿಯುತ್ತದೆ, ಅಷ್ಟರಲ್ಲಿ ಮಾವಿನಮಿಡಿಯವನಿಗೆ ನೀವು ನಗದು ಕೊಟ್ಟಾಗಿರುತ್ತದೆ.

ಪೂರ್ತಿ ಬೇಡ ಅನ್ನುತ್ತಿಲ್ಲ. ಹೊಸ ಗಿರಾಕಿಯಾದರೆ ಕೊರಿಯರ್ ಚಾರ್ಜ್ ಮಾತ್ರ ಮೊದಲೇ ಫೋನ್‌ಪೇ ಮಾಡಿಸಿಕೊಳ್ಳಿ. ನೂರು ರೂಪಾಯಿ ಕಟ್ಟಿದವರು ಪಾರ್ಸಲ್ ಬಂದಾಗ ಫೋನ್ ಎತ್ತುತ್ತಾರೆ.

ಕಳೆದು ಹೋದರೆ

ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಪಾರ್ಸಲ್ ಕಳೆದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಇಷ್ಟು ಅಂತ. ಅದನ್ನು ಯಾರೂ ಓದೋದಿಲ್ಲ. ಓದದೆ ಸಹಿ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ 1996ರ ಸುಪ್ರೀಂ ಕೋರ್ಟ್ ತೀರ್ಪೇ ಇದೆ. ಭಾರತಿ ನಿಟ್ಟಿಂಗ್ ಕಂಪನಿ ಅನ್ನುವ ಉಡುಪು ಸಂಸ್ಥೆ ಜರ್ಮನಿಗೆ ಕಳಿಸಿದ ದಾಖಲೆ ಮುಟ್ಟಲಿಲ್ಲ, ಲಕ್ಷಗಟ್ಟಲೆ ರೂಪಾಯಿ ನಷ್ಟವಾಯಿತು. ಆದರೆ ಸಹಿ ಮಾಡಿದ ರಸೀದಿಯಲ್ಲಿ ಹೊಣೆ 100 ಡಾಲರ್‌ಗೆ ಸೀಮಿತ ಅಂತ ಇತ್ತು. ಕೋರ್ಟ್ ಅಷ್ಟನ್ನೇ ಎತ್ತಿಹಿಡಿಯಿತು.

ಅಂಚೆಯೂ ಇದಕ್ಕೆ ಹೊರತಲ್ಲ. 2024ರ ಜೂನ್‌ನಲ್ಲಿ ಜಾರಿಗೆ ಬಂದ ಹೊಸ ಅಂಚೆ ಕಾಯ್ದೆಯಲ್ಲೂ ನಿಯಮದಲ್ಲಿ ಹೇಳಿದಷ್ಟು ಹೊಣೆ ಮಾತ್ರ. ಹಾಗಾಗಿ ಇಳಕಲ್ ಸೀರೆ, ಬೆಳ್ಳಿ ಸಾಮಾನು, ಮೊಬೈಲ್ ರಿಪೇರಿ ಪಾರ್ಟ್ಸ್ ಕಳಿಸುವವರು ಬೆಲೆ ನಮೂದಿಸಿ ವಿಮೆ ಮಾಡಿಸಿ. ಇನ್ನೂರು ಮುನ್ನೂರರ ಹಪ್ಪಳಕ್ಕೆ ವಿಮೆ ಬೇಡ, ಆ ದುಡ್ಡಿಗೆ ಒಳ್ಳೆ ಪೆಟ್ಟಿಗೆ ತನ್ನಿ.

ಸಣ್ಣ ವ್ಯಾಪಾರಿಗಳಿಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ ಅನ್ನುವ ಮಾತು ಪೂರ್ತಿ ನಿಜವಲ್ಲ. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ 2019ರ ಕಾಯ್ದೆಯಲ್ಲಿ ಬರೋದಿಲ್ಲ, ಹೌದು. ಆದರೆ ಹೊಟ್ಟೆಪಾಡಿಗಾಗಿ ಸ್ವಯಂ ಉದ್ಯೋಗ ಮಾಡುವವರು ಕೊಂಡು ಬಳಸುವ ಸರಕಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ, ಸೇವೆಗೂ ಅದು ಸಿಗುತ್ತದಾ ಅಂತ ವಿಚಾರಿಸಿಕೊಳ್ಳಬೇಕು. ದೂರನ್ನು ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು, ಅಂದರೆ ನಮಗೆ ಕಾರವಾರದ ಆಯೋಗ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ರಸೀದಿ, ಪ್ಯಾಕಿಂಗ್ ಫೋಟೋ, ಗಿರಾಕಿ ಕಳಿಸಿದ ಒಡೆದ ಪೆಟ್ಟಿಗೆಯ ಫೋಟೋ ಇಟ್ಟುಕೊಂಡಿರಿ.

ಕೊನೆಗೆ ಮಳೆಗಾಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಗಿತ್ತು. ಅಂಥ ವೇಳೆ ಯಾವ ಕೊರಿಯರ್ ಆದರೂ ಒಂದೇ. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿ, ಗೋವಾ ಕಡೆಯ ಆರ್ಡರ್‌ಗೆ "ಎರಡು ದಿನ" ಅಂತ ಮಾತು ಕೊಡಬೇಡಿ, "ಒಂದು ವಾರ" ಅನ್ನಿ. ಹಪ್ಪಳದ ಪೆಟ್ಟಿಗೆಗೆ ಒಳಗಿನಿಂದ ಒಂದು ಪದರ ಪ್ಲಾಸ್ಟಿಕ್ ಹಾಕೋದನ್ನೂ ಮರೆಯಬೇಡಿ.