ಸೇಫ್ಟಿ ಪಿನ್ ಹುಡುಗ ಮತ್ತು ನಮ್ಮ ನೋಟೀಸು

ಖಾರಘರದ ನಮ್ಮ ಸೊಸೈಟಿಯ ಬೋರ್ಡಿನಲ್ಲಿ ಈಗ ಒಂದು ನೋಟೀಸು ತೂಗಾಡುತ್ತಿದೆ. ಕ್ಲಬ್ ಹೌಸಿನಲ್ಲಿ ಡ್ರಮ್, ಎಲೆಕ್ಟ್ರಿಕ್ ಗಿಟಾರ್ ಮುಂತಾದವನ್ನು ಬಾರಿಸುವಂತಿಲ್ಲ, ಬಾರಿಸಿದರೆ ದಂಡ, ಅಂತ. ಕೆಳಗೆ ಕಮಿಟಿಯ ಏಳು ಜನರ ಸಹಿ. ಅದನ್ನು ಬರೆದುಕೊಟ್ಟವನು ನಾನೇ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲಗಾರರಿಗೆ ನೋಟೀಸು ಬರೆದ ಕೈ, ಸುಮ್ಮನೆ ಹೇಗೆ ಕೂತೀತು? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ತೆಗೆದು ನೋಡಿ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಲೆಕ್ಕವನ್ನೂ ಸೇರಿಸಿ, ಯಾರೂ ಉಸಿರೆತ್ತದ ಹಾಗೆ ಬರೆದೆ. ಕಮಿಟಿಯವರು ಭೇಷ್ ಅಂದರು.

ಈ ಲೇಖನ ಆ ನೋಟೀಸಿನ ವಿರುದ್ಧ. ಅಂದರೆ ಮೊದಲು ನನ್ನ ವಿರುದ್ಧ, ಆಮೇಲೆ ನನ್ನಂಥ ಹೊರನಾಡಿನ ಹಿರಿಯರೆಲ್ಲರ ವಿರುದ್ಧ.

ಆ ಹುಡುಗರು ಮೂವರು, ಜೊತೆಗೆ ಒಬ್ಬಳು ಹುಡುಗಿ. ಒಬ್ಬ ನಮ್ಮ ಕಲಬುರಗಿ ಕಡೆಯವರ ಮಗ. ಸಂಜೆ ಐದರಿಂದ ಏಳರತನಕ ಕ್ಲಬ್ ಹೌಸಿನಲ್ಲಿ ತಾಲೀಮು ಮಾಡುತ್ತಿದ್ದರು. ಮೂರೇ ಸ್ವರ, ಮುನ್ನೂರು ಸಲ. ಹಾಡೋದು ಏನು ಅಂದ್ರೆ ನೀರಿನ ಟ್ಯಾಂಕರ್ ಬಗ್ಗೆ, ಲೋಕಲ್ ಟ್ರೇನಿನ ನೂಕಾಟದ ಬಗ್ಗೆ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ. ಕಮಿಟಿಯಲ್ಲಿ ಒಬ್ಬರು ಕೇಳಿದರು: "ಇದು ನಮ್ಮ ಸಂಸ್ಕೃತಿಯಾ?" ನಾನೂ ತಲೆ ಅಲ್ಲಾಡಿಸಿದೆ.

ಗಣಪತಿ ಹಬ್ಬಕ್ಕೆ ಮಂಟಪದ ಸಾಮಾನು ತೆಗೆಯಲು ಲಾಫ್ಟ್ ಹತ್ತಿದಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರಲ್ಲಿ ಒಂಬತ್ತು ಫೋಟೋಗಳು. ಕಪ್ಪು ಬಿಳುಪು, ಚೌಕಾಕಾರ. ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ನೆನಪಿದ್ದವರಿಗೆ ಆ ಚೌಕ ಗೊತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ, ಲೆಕ್ಕ ಹಾಕಿ ಹಾಕಿ ತೆಗೀಬೇಕು. ಹಿಂದುಗಡೆ ನನ್ನದೇ ಅಕ್ಷರ: ರಂಗಭವನ, ಆಗಸ್ಟ್ 1987.

ನಾನು ಹಾವೇರಿ ಕಡೆಯವನು. ಧಾರವಾಡದಲ್ಲಿ ಎಂಕಾಂ ಮುಗಿಸಿ 1984ರಲ್ಲಿ ಬೊಂಬಾಯಿಗೆ ಬಂದೆ. ಕೆಲಸ ಫೋರ್ಟ್ ಬ್ರಾಂಚಿನಲ್ಲಿ, ವಾಸ ಡೊಂಬಿವಲಿಯಲ್ಲಿ ನಾಲ್ವರು ಬ್ರಹ್ಮಚಾರಿಗಳ ಒಂದು ಕೋಣೆಯಲ್ಲಿ. ಬ್ರಾಂಚಿನಲ್ಲಿ ಗೋವೆಯ ಕಡೆಯ ಒಬ್ಬ ಕ್ಲಾರ್ಕ್ ಇದ್ದ. ಅವನ ಟೇಬಲ್ ಡ್ರಾಯರಿನಲ್ಲಿ ಲೆಡ್ಜರ್ ಚೀಟಿಗಿಂತ ಕ್ಯಾಸೆಟ್ ಹೆಚ್ಚು. ಪಂಕ್ ಅಂದ್ರೇನು, ನ್ಯೂ ವೇವ್ ಅಂದ್ರೇನು ಅಂತ ಊಟದ ಹೊತ್ತಿನಲ್ಲಿ ನನಗೆ ಪಾಠ ಹೇಳಿದವನು ಅವನೇ. 1976-77ರ ಸುಮಾರಿಗೆ ಲಂಡನ್, ನ್ಯೂಯಾರ್ಕಿನ ಹುಡುಗರು, ಕೈಯಲ್ಲಿ ಕೆಲಸವಿಲ್ಲದವರು, ಸಂಗೀತ ಕಲಿಯದವರು, ಮೂರು ಸ್ವರ ಗೊತ್ತಾದರೆ ಸಾಕು ಅಂತ ಗಿಟಾರ್ ಹಿಡಿದರು. ಹರಿದ ಬಟ್ಟೆಗೆ ಸೇಫ್ಟಿ ಪಿನ್ ಚುಚ್ಚಿಕೊಂಡರು. ಅದು ಪಂಕ್. ಅದರ ಬೆನ್ನಿಗೆ ಬಂದ, ಸ್ವಲ್ಪ ನಯವಾದ ಅಲೆ ನ್ಯೂ ವೇವ್. ಅದರಲ್ಲಿ ಹೆಸರು ಮಾಡಿದ 'ಪೊಲೀಸ್' ಎಂಬ ತಂಡ 1980ರ ಮಾರ್ಚಿನಲ್ಲಿ ಬೊಂಬಾಯಿಗೇ ಬಂದು ಹಾಡಿ ಹೋಗಿತ್ತು. ಕರೆಸಿದವರು ಯಾರು ಗೊತ್ತೇ? ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ ಎಂಬ ಧರ್ಮಾರ್ಥ ಸಂಸ್ಥೆಯ ಪಾರ್ಸಿ ಹೆಂಗಸರು!

ಧೋಬಿ ತಲಾವಿನ ಬಳಿ, ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದ ಬಯಲು ರಂಗಮಂದಿರವೇ ರಂಗಭವನ. 1978ರಲ್ಲಿ ನಿರಂಜನ ಝವೇರಿ ಶುರು ಮಾಡಿದ ಜಾಝ್ ಯಾತ್ರಾ ನಡೆಯುತ್ತಿದ್ದದ್ದು ಅಲ್ಲಿ. 1986ರಲ್ಲಿ ಫರ್ಹಾದ್ ವಾಡಿಯಾ ಆರಂಭಿಸಿದ 'ಇಂಡಿಪೆಂಡೆನ್ಸ್ ರಾಕ್' ಎಂಬ ಹುಡುಗರ ಜಾತ್ರೆಗೂ ಅದೇ ಮನೆಯಾಯಿತು. ನಿಜ ಹೇಳಬೇಕೆಂದರೆ ಅಲ್ಲಿ ಅಪ್ಪಟ ಪಂಕ್ ಅಂತ ಹೆಚ್ಚೇನೂ ಇರಲಿಲ್ಲ. ಹಾರ್ಡ್ ರಾಕ್, ಮೆಟಲ್ಲೇ ಜಾಸ್ತಿ. ಹೆಚ್ಚಿನ ತಂಡಗಳು ಪರದೇಶದ ಹಾಡುಗಳನ್ನೇ ಹಾಡುತ್ತಿದ್ದವು. ಆದರೆ 'ರಾಕ್ ಮಷೀನ್'ನಂಥವರು ಸ್ವಂತ ಹಾಡು ಕಟ್ಟತೊಡಗಿದ್ದರು. ಅವರ ಮೊದಲ ಆಲ್ಬಂ ಬಂದದ್ದು 1988ರಲ್ಲಿ. 1993ರಲ್ಲಿ ಹೆಸರು ಬದಲಿಸಿಕೊಂಡು 'ಇಂಡಸ್ ಕ್ರೀಡ್' ಆದರು. ಅವರ ಗಾಯಕ ಉದಯ್ ಬೆನೆಗಲ್. ಬೆನೆಗಲ್ ನಮ್ಮ ಕರಾವಳಿಯ ಕುಲನಾಮ. ನಮ್ಮ ಸಂಘದ ಯಾವ ಸಭೆಯಲ್ಲೂ ನಾವು ಈ ಹೆಸರು ಎತ್ತಿದ್ದು ನನಗೆ ನೆನಪಿಲ್ಲ.

ಫೋಟೋಗಳಿಗೆ ಬರುತ್ತೇನೆ. ಒಂದರಲ್ಲಿ ಗಲ್ಲಿಯುದ್ದಕ್ಕೂ ಛತ್ರಿಗಳ ಸಾಲು. ಇನ್ನೊಂದರಲ್ಲಿ ಎತ್ತಿದ ಕೈಗಳು, ವೇದಿಕೆ ಇರಬೇಕಾದಲ್ಲಿ ಬರೀ ಬಿಳಿ ಮಸುಕು. ಮಳೆಗಾಲದ ಬೆಳಕಿಗೆ ಆ ಕ್ಯಾಮೆರಾ ಎಲ್ಲಿಗೆ ಸಾಲಬೇಕು? ಮತ್ತೊಂದರಲ್ಲಿ ನಾನು. ಸುತ್ತ ಕರಿ ಬನಿಯನ್ನಿನ ಹುಡುಗರು, ನಡುವೆ ಇಸ್ತ್ರಿ ಮಾಡಿದ ಅಂಗಿ ಇನ್‌ಸರ್ಟ್ ಮಾಡಿ, ಜೇಬಿನಲ್ಲಿ ಎರಡು ಪೆನ್ನು ಸಿಗಿಸಿಕೊಂಡು, ಬಾಯಿ ಇಷ್ಟಗಲ ತೆರೆದು ಕೂಗುತ್ತಿರುವ ಪ್ರೊಬೇಷನರಿ ಆಫೀಸರು.

ಮನೆಯವಳು ನೋಡಿ ಕೇಳಿದಳು: "ಇದು ನೀವೇನ್ರಿ?" ಮದುವೆಯಾಗಿ ಮೂವತ್ತೈದು ವರ್ಷ ದಾಟಿದೆ. ಈ ಡಬ್ಬಿಯನ್ನು ಅವಳಿಗೆ ನಾನು ತೋರಿಸಿರಲಿಲ್ಲ. ಆಮೇಲೆ ಕೊನೆಯ ಫೋಟೋ ಹಿಡಿದು ಕೇಳಿದಳು: "ಮತ್ತ ಇಂವ ಯಾರ್ರಿ?"

ಅವನು ಕುಂದಾಪುರದ ಕಡೆಯ ಹುಡುಗ. ನಾನು ಊಟ ಮಾಡುತ್ತಿದ್ದ ಫೋರ್ಟಿನ ಹೊಟೇಲಿನಲ್ಲಿ ಕೆಲಸಕ್ಕಿದ್ದ. ಹಗಲು ಹೊಟೇಲು, ಸಂಜೆ ಮೇಲೆ ಕನ್ನಡ ರಾತ್ರಿ ಶಾಲೆ. ರಜೆ ಸಿಕ್ಕ ದಿನ ನನ್ನ ಜೊತೆ ರಂಗಭವನಕ್ಕೆ ಬಂದಿದ್ದ. ಅಂಗಿಯ ಮೇಲಿನ ಗುಂಡಿ ಹರಿದಿತ್ತು, ಅದಕ್ಕೆ ಸೇಫ್ಟಿ ಪಿನ್ ಹಾಕಿದ್ದ. ಕಾಲೇಜಿನ ಹುಡುಗರು ಅದನ್ನು ನೋಡಿ, ಲಂಡನ್ ಫ್ಯಾಷನ್ ಅಂದುಕೊಂಡು, ಅವನ ಬೆನ್ನು ತಟ್ಟಿದರು. ಅವನಿಗೆ ಏನೂ ಅರ್ಥವಾಗದೆ ನಕ್ಕ. ಆ ನಗು ಫೋಟೋದಲ್ಲಿದೆ. ದಿನವಿಡೀ "ಎರಡು ಇಡ್ಲಿ, ಒಂದು ಸಾದಾ" ಅಂತ ಬೇರೆಯವರಿಗಾಗಿ ಕೂಗುವ ಹುಡುಗ ಅವತ್ತು ನನ್ನ ಕಿವಿಯಲ್ಲಿ ಹೇಳಿದ್ದು ಇನ್ನೂ ನೆನಪಿದೆ: "ಇಲ್ಲ್ ಎಷ್ಟ್ ಕೂಗ್ರೂ ಯಾರೂ ಬಯ್ಯುದಿಲ್ಲ ಅಲ್ದಾ ಸಾರ್?"

ಮುಂದಿನದು ಹೇಳಲೇಬೇಕು. 1990ರಲ್ಲಿ ನನಗೆ ಮದುವೆಯಾಗಿತ್ತು, ಒಂದು ಕನ್ನಡ ಸಂಘದ ಖಜಾಂಚಿಯೂ ಆಗಿದ್ದೆ. ರಾಜ್ಯೋತ್ಸವದ ಸಂಜೆ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುತ್ತಿದ್ದಾಗ ಅವನು ಬಂದ. ಕೂದಲು ಭುಜಕ್ಕಿಳಿದಿತ್ತು, ಕರಿ ಬನಿಯನ್ನು. "ಸಾರ್!" ಅಂತ ದೂರದಿಂದಲೇ ಕೂಗಿದ. ಪಕ್ಕದಲ್ಲಿದ್ದ ಹಿರಿಯರು "ಯಾರಪ್ಪ ಇವನು?" ಅಂದರು. "ಗೊತ್ತಿಲ್ಲ, ಯಾವುದೋ ಹೊಟೇಲಿನವನಿರಬೇಕು" ಅಂದೆ. ಅವನಿಗೆ ಕೇಳಿಸಿತು. ಕಾರ್ಯಕ್ರಮಕ್ಕೆ ನಿಲ್ಲಲಿಲ್ಲ. ಮತ್ತೆ ಅವನನ್ನು ನಾನು ನೋಡಲಿಲ್ಲ. ಆ ವಾರವೇ ಒಂಬತ್ತು ಫೋಟೋ ಬಿಸ್ಕತ್ತಿನ ಡಬ್ಬಿ ಸೇರಿದವು.

ಇದು ನನ್ನೊಬ್ಬನ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಹೊರನಾಡಿನ ನಮ್ಮ ಮನೆಗಳ ಆಲ್ಬಂ ತೆರೆದು ನೋಡಿ. ಮದುವೆ, ಸತ್ಯನಾರಾಯಣ ಪೂಜೆ, ಸಂಘದ ವಾರ್ಷಿಕೋತ್ಸವ, ಅತಿಥಿಗಳಿಗೆ ಶಾಲು. ಎಲ್ಲರೂ ಹುಟ್ಟಿದಾಗಲೇ ಐವತ್ತು ವರ್ಷದವರಂತೆ ಕೂತಿದ್ದಾರೆ. ಊರು ಬಿಟ್ಟು ಬಂದ ಇಪ್ಪತ್ತನಾಲ್ಕರ ಹುಡುಗ ಎಲ್ಲಿ ಹೋದ? ಅವನು ಇರಾನಿ ಹೊಟೇಲಿನಲ್ಲಿ ಕೂತದ್ದು, ಕೊನೆಯ ಲೋಕಲ್ ತಪ್ಪಿಸಿಕೊಂಡು ಪ್ಲಾಟ್‌ಫಾರಂನಲ್ಲಿ ಮಲಗಿದ್ದು, ಅರ್ಥವಾಗದ ಹಾಡಿಗೆ ಗಂಟಲು ಹರಿಯುವಂತೆ ಕೂಗಿದ್ದು, ಇವೆಲ್ಲ ಎಲ್ಲಿ? ಊರಿನವರ ಮುಂದೆ, ಸಂಬಂಧಿಕರ ಮುಂದೆ ಸಭ್ಯರಾಗಿ ಕಾಣಲು ನಾವೇ ಸೋಸಿ ಎಸೆದಿದ್ದೇವೆ. ಆಮೇಲೆ ಸೋಸಿ ಉಳಿದದ್ದಕ್ಕೆ 'ನಮ್ಮ ಸಂಸ್ಕೃತಿ' ಅಂತ ಹೆಸರಿಟ್ಟು ಮಕ್ಕಳ ತಲೆಯ ಮೇಲೆ ಹೊರಿಸುತ್ತೇವೆ.

ಲಂಡನ್ನಿನವರನ್ನು ನೋಡಿ. ಪಂಕ್‌ಗೆ ನಲವತ್ತು ತುಂಬಿದ 2016ರಲ್ಲಿ ಬ್ರಿಟಿಷ್ ಲೈಬ್ರರಿಯೇ ಅದರ ಪ್ರದರ್ಶನ ಇಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ, ಪಂಕ್ ಹುಟ್ಟಿಸಿದವರಲ್ಲಿ ಒಬ್ಬರಾದ ಮಾಲ್ಕಂ ಮೆಕ್‌ಲಾರೆನ್ನರ ಮಗ ಜೋ ಕೊರೆ, ಬಂಡಾಯ ಮ್ಯೂಸಿಯಂ ಸೇರಬಾರದು ಅಂತ ತನ್ನ ಸಂಗ್ರಹವನ್ನೇ ಥೇಮ್ಸ್ ನದಿಯ ದೋಣಿಯಲ್ಲಿಟ್ಟು ಸುಟ್ಟ. ಇಡಬೇಕೋ ಸುಡಬೇಕೋ ಅಂತ ಅಲ್ಲಿ ಜಗಳವಾದರೂ ಆಯಿತು. ನಾವು ಇಡಲೂ ಇಲ್ಲ, ಸುಡಲೂ ಇಲ್ಲ. ಲಾಫ್ಟಿಗೆ ತಳ್ಳಿದೆವು.

ಇನ್ನು ಗಲಾಟೆಯ ಮಾತು. ಯಕ್ಷಗಾನದ ಚೆಂಡೆ ಮೆಲ್ಲಗೆ ನುಡಿಯುತ್ತದೆಯೇ? ಉತ್ಸವ ಚೌಕದಲ್ಲಿ ಗಣಪತಿಯ ಢೋಲ್ ತಾಶಾ ಬಂದರೆ ನಮ್ಮ ಕಿಟಕಿ ಗಾಜು ನಡುಗುತ್ತದೆ. ನಾವೇ ಬಾಲ್ಕನಿಯಲ್ಲಿ ನಿಂತು ಕೈ ಮುಗಿಯುತ್ತೇವೆ. ನಾನು ಉದ್ಧರಿಸಿದ ಅದೇ ನಿಯಮಗಳಲ್ಲಿ, ವರ್ಷಕ್ಕೆ ಹದಿನೈದು ದಿನದ ಮಟ್ಟಿಗೆ ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾತ್ರಿ ಹನ್ನೆರಡರತನಕ ಧ್ವನಿವರ್ಧಕಕ್ಕೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು ಅಂತಲೂ ಇದೆ. ರಾತ್ರಿಯ ನಿರ್ಬಂಧ ಶುರುವಾಗುವುದೇ ಹತ್ತಕ್ಕೆ. ಹುಡುಗರು ಏಳಕ್ಕೇ ನಿಲ್ಲಿಸುತ್ತಿದ್ದರು. ಇವೆರಡನ್ನೂ ನಾನು ಬೇಕಂತಲೇ ನೋಟೀಸಿನಲ್ಲಿ ಹಾಕಲಿಲ್ಲ. ಇದಕ್ಕೆ ಬ್ಯಾಂಕಿನ ಭಾಷೆಯಲ್ಲಿ ಬೇರೆ ಹೆಸರಿದೆ.

ಧಾರವಾಡದಲ್ಲಿ ಓದುವಾಗ, 1982ರ ಗೋಕಾಕ್ ಚಳವಳಿಯಲ್ಲಿ ನಾನೂ ಬೀದಿಯಲ್ಲಿ ಕೂಗಿದವನು. ಆಗಲೂ ಹಿರಿಯರು "ಹುಡುಗರಿಗೆ ಓದು ಬ್ಯಾಡಾಗೇತಿ" ಅಂದಿದ್ದರು. 1975ರಲ್ಲಿ ಹುಟ್ಟಿದ 'ಸಮುದಾಯ'ದವರು ಬೀದಿ ನಾಟಕ ಆಡಿದಾಗಲೂ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂದಾಗಲೂ "ಇದೆಂಥ ಸಾಹಿತ್ಯ, ಬರೀ ಗದ್ದಲ" ಅಂದವರಿದ್ದರು. ಇಂದು ಅದು ಪಠ್ಯಪುಸ್ತಕದಲ್ಲಿದೆ. ನಮ್ಮ ಕೂಗಿಗೆ ವಯಸ್ಸಾದರೆ ಅದು ಇತಿಹಾಸ. ಮಕ್ಕಳ ಕೂಗು ಮಾತ್ರ ಡೆಸಿಬಲ್!

ದುಡ್ಡಿನ ಗಲಾಟೆಗೂ ನಮ್ಮ ಆಕ್ಷೇಪವಿಲ್ಲ. 2025ರ ಜನವರಿಯಲ್ಲಿ ನೆರೂಳಿನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಕೋಲ್ಡ್‌ಪ್ಲೇ ಮೂರು ದಿನ ಹಾಡಿತು. ನಮ್ಮ ಕಮಿಟಿಯ ಇಬ್ಬರು ಸಾವಿರಾರು ರೂಪಾಯಿ ಕೊಟ್ಟು ಮಕ್ಕಳಿಗೆ ಟಿಕೆಟ್ ತೆಗೆಸಿದರು. 2019ರ ಡಿಸೆಂಬರ್ 15ರಂದು ಅಲ್ಲೇ ಯೂಟೂ ತಂಡ ಹಾಡಿತ್ತು. ಅದರ ಹುಟ್ಟು ಹೇಗೆ ಗೊತ್ತೇ? 1976ರಲ್ಲಿ, ಪಂಕ್ ಗಾಳಿ ಬೀಸುತ್ತಿದ್ದ ಕಾಲದಲ್ಲಿ, ಡಬ್ಲಿನ್ನಿನ ಲ್ಯಾರಿ ಮಲೆನ್ ಎಂಬ ಶಾಲಾ ಹುಡುಗ ಶಾಲೆಯ ನೋಟೀಸ್ ಬೋರ್ಡಿನಲ್ಲಿ ಒಂದು ಚೀಟಿ ಹಚ್ಚಿದ, ತಂಡ ಕಟ್ಟಲು ಬನ್ನಿ ಅಂತ. ಮೊದಲ ತಾಲೀಮು ಅವನ ಮನೆಯ ಅಡುಗೆಮನೆಯಲ್ಲಿ. ಆ ಓಣಿಯಲ್ಲಿ ನಮ್ಮಂಥ ಏಳು ಜನರ ಕಮಿಟಿ ಇದ್ದಿದ್ದರೆ ನೆರೂಳಿಗೆ ಯಾರೂ ಬರುತ್ತಿರಲಿಲ್ಲ. ಅವನ ನೋಟೀಸು ಕರೆಯುವ ನೋಟೀಸು, ನನ್ನದು ಓಡಿಸುವ ನೋಟೀಸು.

ರಂಗಭವನಕ್ಕೂ ಹೀಗೇ ಆಯಿತು. 2000ದ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಕಾಮಾ ಆಸ್ಪತ್ರೆಯೂ ಕಾಲೇಜೂ ಹತ್ತಿರವಿದ್ದ ರಂಗಭವನದ ಸಂಗೀತ ಆ ದಶಕದಲ್ಲಿ ನಿಂತುಹೋಯಿತು. ರೋಗಿಗಳ ನಿದ್ದೆ ದೊಡ್ಡದು, ನಾನು ಒಪ್ಪುತ್ತೇನೆ. ಆದರೆ ನಿಲ್ಲಿಸಿದ್ದಕ್ಕೆ ಬದಲಾಗಿ ಅಷ್ಟೇ ಅಗ್ಗದ, ಅಷ್ಟೇ ಹತ್ತಿರದ ಇನ್ನೊಂದು ಜಾಗವನ್ನು ಹುಡುಗರಿಗೆ ಯಾರು ಕೊಟ್ಟರು? 2008ರ ನವೆಂಬರ್ 26ರ ರಾತ್ರಿ ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಲಸ್ಕರ್ ಗುಂಡಿಗೆ ಬಲಿಯಾದದ್ದು ಅದೇ ರಂಗಭವನದ ಗಲ್ಲಿಯಲ್ಲಿ. ಇಂದು ಆ ಗಲ್ಲಿಯ ಹೆಸರು ಹೇಳಿದರೆ ಜನಕ್ಕೆ ಅದೇ ನೆನಪಾಗುತ್ತದೆ, ಆಗಲೇಬೇಕು. ಆದರೆ ಅಲ್ಲಿ ಛತ್ರಿ ಹಿಡಿದು ನಕ್ಕು ನಿಂತ ಹುಡುಗರೂ ಇದ್ದರು ಅನ್ನುವುದಕ್ಕೆ ಇಂಥ ಡಬ್ಬಿಗಳೇ ಸಾಕ್ಷಿ.

ನನ್ನ ಬೇಡಿಕೆ ದೊಡ್ಡದಲ್ಲ. ಸಂಜೆ ಐದರಿಂದ ಏಳು, ಕಿಟಕಿ ಮುಚ್ಚಿ, ಪರೀಕ್ಷೆಯ ತಿಂಗಳಲ್ಲಿ ರಜೆ. ಯಾರ ಮನೆಯಲ್ಲಾದರೂ ಕಾಯಿಲೆಯವರಿದ್ದರೆ ಹುಡುಗರಿಗೆ ಹೋಗಿ ಹೇಳೋಣ, ಅವರೇನು ರಾಕ್ಷಸರಲ್ಲ. ನೋಟೀಸು ಹಿಂತೆಗೆದುಕೊಳ್ಳುವ ಪತ್ರ ನಾನೇ ಬರೆದಿದ್ದೇನೆ, ಈ ಸಲ ನಿಯಮಗಳನ್ನು ಪೂರ್ತಿಯಾಗಿ ಹಾಕಿ. ಅದರಲ್ಲಿ ಸದ್ಯ ಒಂದೇ ಸಹಿ ಇದೆ. ಉಳಿದ ಆರು ಜನರ ಬಾಗಿಲಿಗೆ ಒಂಬತ್ತು ಫೋಟೋ ಹಿಡಿದುಕೊಂಡೇ ಹೋಗುತ್ತಿದ್ದೇನೆ. ಇಬ್ಬರು ನಕ್ಕರು, ಒಬ್ಬರು ಬಾಗಿಲಲ್ಲೇ ಮಾತು ಮುಗಿಸಿದರು. ಇನ್ನೊಬ್ಬರು, ಎಪ್ಪತ್ತು ದಾಟಿದ ಮಂಗಳೂರಿನವರು, ಫೋಟೋಗಳನ್ನು ಬಹಳ ಹೊತ್ತು ನೋಡಿ, "ನಾನೂ ಒಮ್ಮೆ ಹೋಗಿದ್ದೆ ಮಾರಾಯ್ರೆ, ಮನೆಯಲ್ಲಿ ಹೇಳ್ಬೇಡಿ" ಅಂದರು. ಸಹಿ ಇನ್ನೂ ಹಾಕಿಲ್ಲ.

ಸೇಫ್ಟಿ ಪಿನ್ನಿನ ಹುಡುಗನಿಗೂ ಈಗ ಐವತ್ತು ದಾಟಿರಬೇಕು. ಎಲ್ಲೋ ಸ್ವಂತ ಹೊಟೇಲು ಮಾಡಿಕೊಂಡು ಚೆನ್ನಾಗಿದ್ದಾನೆ ಅಂತ ಅಂದುಕೊಳ್ಳುವುದು ನನಗೆ ಅನುಕೂಲದ ಮಾತು, ಅದಕ್ಕೇ ಅಂದುಕೊಳ್ಳುವುದಿಲ್ಲ. ಅವನ ಫೋಟೋ ನಮ್ಮ ಹಾಲಿನಲ್ಲಿ, ಮದುವೆ ಫೋಟೋದ ಪಕ್ಕದಲ್ಲಿ ತೂಗುಹಾಕಿದ್ದೇನೆ. ಬಂದವರು "ಯಾರಿವನು?" ಅಂತ ಕೇಳುತ್ತಾರೆ. ಗೊತ್ತು ಅಂತ ಹೇಳುತ್ತೇನೆ.