ಕೊಡ್ಲಿ ಕಥಿ ಸಾಕು, ಹುಡುಗ್ಯಾರ ಆಟದ ಕಥಿ ಹೇಳ್ರಿ

ಅಕ್ಕಾರ, ವೈನಿಯವರ, ಅಮೇರಿಕಾಕ್ಕ ಮಗನ ಮನಿಗೆ, ಮಗಳ ಬಾಣಂತನಕ್ಕ ಅಂತ ಆರಾರು ತಿಂಗಳು ಹೋಗಿ ಬರೋರು ನಮ್ಮ ಓಣ್ಯಾಗನ ಎಷ್ಟ ಮಂದಿ ಇದ್ದೀರಿ. ಅದರಾಗ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇದ್ದು ಬಂದವರಿಗೆ ಈ ಮಾತು ಕಿವಿಗೆ ಬಿದ್ದಿರಬೇಕು: "ನೀವು ಸ್ಟ್ಯಾನ್‌ಫರ್ಡ್ ಕಡೆಯವರೋ, ಬರ್ಕ್ಲಿ ಕಡೆಯವರೋ?" ಮದವಿಮನ್ಯಾಗ ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಅಂತ ಕೇಳ್ತಾರಲ್ಲಾ, ಹಂಗ.

ಎರಡೂ ದೊಡ್ಡ ಯುನಿವರ್ಸಿಟಿ. ನಡುವ ಸಮುದ್ರದ ಕೊಲ್ಲಿ, ಟ್ರಾಫಿಕ್ ಇಲ್ಲಂದ್ರ ಕಾರಿನ್ಯಾಗ ಒಂದು ತಾಸಿನ ಹಾದಿ. ಬರ್ಕ್ಲಿ 1868ರದ್ದು, ಸರ್ಕಾರಿ. ಸ್ಟ್ಯಾನ್‌ಫರ್ಡ್ ಖಾಸಗಿ. ಹದಿನೈದು ವರ್ಷದ ಒಬ್ಬನೇ ಮಗ ಟೈಫಾಯ್ಡ್‌ದಾಗ ತೀರಿಕೊಂಡ ಮ್ಯಾಲೆ ಅಂವನ ಹೆಸರಿಲೆ ಅಪ್ಪ-ಅವ್ವ ಕಟ್ಟಿಸಿದ್ದು. 1891ಕ್ಕ ಬಾಗಿಲು ತಗೀತು. ಆರು ತಿಂಗಳೂ ಆಗಿದ್ದಿಲ್ಲ, 1892ರ ಮಾರ್ಚ್‌ದಾಗ ಇಬ್ಬರಿಗೂ ಫುಟ್‌ಬಾಲ್ ಪಂದ್ಯ. ಎರಡೂ ಕಡೆಯವರು ಬಂದ್ರು, ಮಂದಿ ಬಂದ್ರು, ಬಾಲ್ ತರೋದನ್ನೇ ಮರತಿದ್ರಂತ! ಅದನ್ನ ತರಿಸೋತನಕಾ ಎಲ್ಲಾರೂ ಕಾಯ್ಕೋತ ಕೂಡಬೇಕಾತಂತ.

ಗಂಡಸೂರು ಹೇಳೋದು ಮಾತ್ರ ಕೊಡ್ಲಿ ಕಥಿ. ಸ್ಟ್ಯಾನ್‌ಫರ್ಡ್ ಹುಡುಗರು ಪಂದ್ಯಕ್ಕ ಒಂದು ಕೊಡ್ಲಿ ತಂದು ಕುಣದ್ರು, 1899ರಾಗ ಬರ್ಕ್ಲಿ ಹುಡುಗರು ಅದನ್ನ ಕದ್ದು ಒಯ್ದರು. 1930ರಾಗ ಸ್ಟ್ಯಾನ್‌ಫರ್ಡಿನ 21 ಹುಡುಗರು ಹೋಗಿ ಅದನ್ನ ಕಸಗೊಂಡು ಬಂದ್ರು. ಜಗಳ ಸಾಕಾಗಿ 1933ರಲಿಂದ ವರ್ಷಾ ಫುಟ್‌ಬಾಲ್ ಗೆದ್ದವರಿಗೆ ಕೊಡ್ಲಿ ಅಂತ ಮಾಡಿದ್ರು. 1982ರ ಪಂದ್ಯ ಇನ್ನೂ ಮಜಾ. ಆಟ ಮುಗೀತು ಅಂತ ತಿಳಕೊಂಡು ಸ್ಟ್ಯಾನ್‌ಫರ್ಡಿನ ವಾದ್ಯದವರು ಮೈದಾನದಾಗ ನುಗ್ಗಿದ್ರು, ಅವರ ನಡುವ ಓಡಿ ಬರ್ಕ್ಲಿಯವರು 25-20ಕ್ಕ ಗೆದ್ದರು. ಕೊಡ್ಲಿ ಹಲಗಿ ಮ್ಯಾಲೆ ಆ ಲೆಕ್ಕ ಬರದದ. ಆದ್ರ ಕೊಡ್ಲಿ ಸ್ಟ್ಯಾನ್‌ಫರ್ಡಿನ ಕೈಯಾಗ ಬಂದಾಗೆಲ್ಲಾ ಅವರು ಅದನ್ನ 20-19, ನಾವ ಗೆದ್ದೀವಿ ಅಂತ ತಿದ್ದತಾರ! ಅತ್ತಿ ಕೊಟ್ಟ ಬೆಳ್ಳಿ ತಂಬಗಿ ಮ್ಯಾಲೆ ಸೊಸಿ ತನ್ನ ತವರಿನ ಹೆಸರು ಹಾಕಿಸಿಧಂಗ.

ನಗಲಿಕ್ಕೆ ಛೊಲೋ ಅದ. ಆದ್ರ ಇದನ್ನ ಮೊಮ್ಮಕ್ಕಳಿಗೆ ಹತ್ತ ಸಲ ಹೇಳೋರು ಇನ್ನೊಂದು ಕಥಿ ಒಂದ ಸಲನೂ ಹೇಳಂಗಿಲ್ಲ, ಅದು ನನಗ ಸಿಟ್ಟು.

1896ರ ಏಪ್ರಿಲ್ 4. ಬಾಸ್ಕೆಟ್‌ಬಾಲ್ ಅನ್ನೋ ಆಟ ಹುಟ್ಟಿ ಇನ್ನೂ ಐದು ವರ್ಷ ತುಂಬಿದ್ದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಆರ್ಮರಿ ಹಾಲ್‌ನ್ಯಾಗ ಬರ್ಕ್ಲಿ ಹುಡುಗ್ಯಾರು, ಸ್ಟ್ಯಾನ್‌ಫರ್ಡ್ ಹುಡುಗ್ಯಾರು ಎದುರುಬದುರು ನಿಂತ್ರು, ಕಡೆಗೆ ಒಂಬತ್ತೊಂಬತ್ತು ಮಂದಿ. ಎರಡು ಕಾಲೇಜಿನ ಹೆಣ್ಣುಮಕ್ಕಳು ಬಾಸ್ಕೆಟ್‌ಬಾಲ್‌ದಾಗ ಹಿಂಗ ಎದುರಾಗಿದ್ದು ಅದ ಮೊದಲು. ನೋಡ್ಲಿಕ್ಕೆ ಸುಮಾರು 700 ಮಂದಿ, ಎಲ್ಲಾ ಹೆಂಗಸೂರು. ಗಂಡಸೂರಿಗೆ ಒಳಗ ಬಿಟ್ಟಿದ್ದಿಲ್ಲ. ಕಿಡಕ್ಯಾಗ ಹಣಿಕಿ ಹಾಕೋರನ್ನ ಬಡಗಿ ಹಿಡಕೊಂಡು ಓಡಿಸಿದ್ರಂತ! ಸ್ಟ್ಯಾನ್‌ಫರ್ಡ್ ಗೆದ್ದದ್ದು 2-1ಕ್ಕ. ಇಡೀ ಪಂದ್ಯಕ್ಕ ಕೂಡಿ ಮೂರ ಗೋಲು ಅಂತ ನಗಬ್ಯಾಡ್ರಿ, ಮೈತುಂಬ ಅರಿವಿ ಹಾಕ್ಕೊಂಡು, ಹೊಸಾ ಆಟ ಆಡಿದವರು ಅವರು.

ಆಮ್ಯಾಲೆ? ಕೊಡ್ಲಿ ಕದ್ದ ಅದ 1899ರಾಗ, ಹುಡುಗ್ಯಾರು ಬ್ಯಾರೆ ಕಾಲೇಜಿನ ಜೋಡಿ ಪಂದ್ಯ ಆಡಬಾರದು ಅಂತ ಸ್ಟ್ಯಾನ್‌ಫರ್ಡಿನ ದೊಡ್ಡವರು ನಿಂದ್ರಿಸಿಬಿಟ್ಟರು. ಆರೋಗ್ಯಕ್ಕ ಛೊಲೋ ಅಲ್ಲ, ಪೇಪರಿನ್ಯಾಗ ಹೆಸರು ಬರೋದು ಛೊಲೋ ಅಲ್ಲ ಅಂತ ಕಾರಣ. ಅದ ವರ್ಷ ಕಾಲೇಜ್ ಕಟ್ಟಿಸಿದ ಜೇನ್ ಸ್ಟ್ಯಾನ್‌ಫರ್ಡ್ ಬಾಯಿನ, ಇಲ್ಲೆ 500ಕ್ಕಿಂತ ಹೆಚ್ಚಿಗೆ ಹುಡುಗ್ಯಾರು ಇರಬಾರದು ಅಂತ ಕಟ್ಟು ಹಾಕಿದಳು. ಮಗನ ನೆನಪಿನ ಕಾಲೇಜು ಹೆಣ್ಣುಮಕ್ಕಳ ಕಾಲೇಜಾಗಿ ಹೋದೀತು ಅಂತ ಆಕಿಗೆ ಹೆದರಿಕಿ. ಮಗನ್ನ ಕಳಕೊಂಡ ತಾಯಿ, ಆಕಿ ಸಂಕಟ ತಿಳೀತದ. ಆದ್ರ ಅದರ ಲೆಕ್ಕ ಮಂದಿ ಹೆಣ್ಣುಮಕ್ಕಳು ಯಾಕ ಕೊಡಬೇಕ್ರೀ?

ಒಂದು ಸೂಕ್ಷ್ಮ ನೋಡ್ರಿ. ಆಡಬ್ಯಾಡ್ರಿ ಅಂತ ಅವರು ಅನಲಿಲ್ಲ. ಒಳಗ, ನಿಮ್ಮ ನಿಮ್ಮೊಳಗ ಆಡ್ಕೊಳ್ರಿ ಅಂದ್ರು. ಕಸಗೊಂಡಿದ್ದು ಆಟ ಅಲ್ಲ, ಎದುರಾಳಿನ್ನ. ಇದು ನಮ್ಮ ಮನಿಗಳಾಗ ನಡಿಯೂ ಮಾತ. ನಮ್ಮ ಓಣಿ ಹುಡುಗಿ ಒಬ್ಬಾಕಿ ಖೋ ಖೋದಾಗ ಬಿರುಗಾಳಿ, ಒಂಬತ್ತನೇತ್ತದಾಗ ಜಿಲ್ಲಾಕ್ಕ ಆರಿಸಿದ್ರು. "ಮುಂದಿನ ವರ್ಷ ಹತ್ತನೇತ್ತಾ, ಊರೂರು ತಿರಗೋದು ಯಾಕ? ಇಲ್ಲೇ ಅಂಗಳದಾಗ ಆಡ್ಲಿ, ಯಾರು ಬ್ಯಾಡ ಅಂತಾರ" ಅಂದ್ರು ಮನ್ಯಾಗ. ಅಂಗಳದಾಗ ಯಾರ ಜೋಡಿ ಆಡಬೇಕು ಆಕಿ, ತುಳಸಿಕಟ್ಟಿ ಜೋಡಿನ? ತನ್ನಷ್ಟ ಓಡೋ ಪಕ್ಕದೂರಿನ ಹುಡುಗಿ ಬೆನ್ನು ಹತ್ತಿದಾಗಲ್ಲಾ ಕಾಲಿಗೆ ಇನ್ನೊಂದು ಹೆಜ್ಜಿ ಬಲ ಬರೋದು.

"ಪೈಪೋಟಿ ಅಂದ್ರ ಹೊಟ್ಟೆಕಿಚ್ಚು, ಹೆಣ್ಣುಮಕ್ಕಳಿಗೆ ಯಾಕ ಅದು" ಅಂತ ನಮ್ಮ ಸೋದರತ್ತಿಯವರು ಅಂತಿರತಾರ. ಹೊಟ್ಟೆಕಿಚ್ಚು ಹೆಂಗಿದ್ರೂ ಇದ್ದದ್ದ. ಮಾರ್ಕ್ಸಿಗೆ, ಬಣ್ಣಕ್ಕ, ಸೀರಿ ಅಂಚಿಗೆ. ಅದಕ್ಕ ಸೀಟಿ ಊದೋರು ಇಲ್ಲ, ಮುಗಿಯೂ ಹೊತ್ತೂ ಇಲ್ಲ. ಆಟದಾಗ ನಲವತ್ತು ನಿಮಿಷಕ್ಕ ಮುಗೀತದ, ಕಡೀಕ ಕೈ ಕೊಟ್ಟು ಮನಿಗೆ ಹೋಗ್ತಾರ.

ಅಲ್ಲಿ ಮತ್ತ ದಾರಿ ತಗೀಲಿಕ್ಕೆ ಭಾಳ ವರ್ಷ ಹಿಡೀತು. 1972ರಾಗ ಓದಿನ್ಯಾಗ, ಆಟದಾಗ ಗಂಡು-ಹೆಣ್ಣು ಭೇದ ಮಾಡಬಾರದು ಅಂತ ಅಮೇರಿಕಾದಾಗ ಕಾಯ್ದೆ ಬಂತು. 1985ರಾಗ ಸ್ಟ್ಯಾನ್‌ಫರ್ಡಿಗೆ ಕೋಚ್ ಆಗಿ ಬಂದಾಕಿ ಟಾರಾ ವ್ಯಾಂಡರ್‌ವೀರ್. 1990, 1992, 2021ರಾಗ ದೇಶಕ್ಕ ಮೊದಲ ಮಾಡಿಸಿದಳು. 2024ರಾಗ ನಿವೃತ್ತಿ ಆಗೂದ್ರಾಗ ಆಕಿ ಲೆಕ್ಕದಾಗ 1216 ಗೆಲವು. ನನಗ ಛಂದ ಅನ್ನಿಸಿದ್ದು ಮುಂದಿನ ಮಾತು. ಆಕಿ ಜಾಗಕ್ಕ ಬಂದಾಕಿ ಕೇಟ್ ಪೇ, ಆಕೀದ ಶಿಷ್ಯಳು. 2019ರಲಿಂದ ಎದುರಿನ ಬರ್ಕ್ಲಿಗೆ ಕೋಚ್ ಇದ್ದಾಕಿ ಚಾರ್ಮಿನ್ ಸ್ಮಿತ್, ಆಕೀನೂ ಟಾರಾನ ಕೈಯಾಗ ಸ್ಟ್ಯಾನ್‌ಫರ್ಡಿನ್ಯಾಗ ಆಡಿದಾಕಿ! ಒಂದ ತವರಿನ ಹೆಣ್ಣುಮಕ್ಕಳು, ಕೊಲ್ಲಿ ಈ ದಂಡಿಗೆ ಒಬ್ಬಾಕಿ, ಆ ದಂಡಿಗೆ ಒಬ್ಬಾಕಿ. ಎದುರಾಳಿ ಅಂದ್ರ ವೈರಿ ಅಲ್ಲ ಅಂತ ಸೋದರತ್ತಿಯವರಿಗೆ ತೋರಿಸಲಿಕ್ಕೆ ಇದಕ್ಕಿಂತ ಏನ ಬೇಕು.

2024ರಲಿಂದ ಎರಡೂ ಕಾಲೇಜು ಅಟ್ಲಾಂಟಿಕ್ ಕಡೆಯ ಗುಂಪಿಗೆ ಸೇರ್ಯಾವ. ಇರೋದು ಪೆಸಿಫಿಕ್ ದಂಡಿಗೆ, ಪಂದ್ಯಕ್ಕ ವಿಮಾನ ಹತ್ತಿ ದೇಶದ ಆ ತುದಿಗೆ ಹೋಗಬೇಕು. ದುಡ್ಡಿನ ಲೆಕ್ಕ, ಬಿಡ್ರಿ. ಆದ್ರ ಅದಕ್ಕ ಈಗ ಮಗ್ಗಲಮನಿಯವರ ಜೋಡಿ ಆಡೋ ಪಂದ್ಯಕ್ಕ ಬೆಲಿ ಹೆಚ್ಚಾಗೇದ.

ಈ ಸಲ ಚಳಿಗಾಲಕ್ಕ ಅಲ್ಲಿ ಇರೋರು ಅಳಿಯಂದಿರಿಗೆ ಹೇಳ್ರಿ, ನವೆಂಬರ್‌ದಾಗ ಫುಟ್‌ಬಾಲಿಗೆ ಹೋಗೋದು ಹೋಗ್ರಿ, ಹುಡುಗ್ಯಾರ ಬಾಸ್ಕೆಟ್‌ಬಾಲಿಗೂ ಟಿಕೀಟು ತಗೀರಿ ಅಂತ. ಸ್ಟ್ಯಾನ್‌ಫರ್ಡಿನ್ಯಾಗ ಮೇಪಲ್ಸ್ ಪೆವಿಲಿಯನ್, ಬರ್ಕ್ಲ್ಯಾಗ ಹಾಸ್ ಪೆವಿಲಿಯನ್, ಎರಡೂ ಒಳಗಿನ ಕ್ರೀಡಾಂಗಣ, ಥಂಡಿ ಹತ್ತಂಗಿಲ್ಲ. ಮೊಮ್ಮಗಳನ್ನ ಮುಂದಿನ ಸಾಲಿನ್ಯಾಗ ಕೂಡಸ್ರಿ. ಕೆಂಪು ಉಟ್ಕೊಂಡು ಸ್ಟ್ಯಾನ್‌ಫರ್ಡ್ ಕಡೆ ಒದರ್ರಿ, ನೀಲಿ ಉಟ್ಕೊಂಡು ಬರ್ಕ್ಲಿ ಕಡೆ ಒದರ್ರಿ, ನಿಮ್ಮಿಷ್ಟ. ನಾ ಅಂತೂ ನೀಲಿ ಕಡೆ. ಸರ್ಕಾರಿ ಸಾಲಿ ಕಲತಾಕಿ, ಮ್ಯಾಲೆ 1896ರಾಗ ಒಂದ ಗೋಲಿಗೆ ಸೋತವರು ಅವರು.